ಹಿಂದಿನ ಸೀಟಿಲ್ಲದ ಕಾರಿಗೆ ನಾಲ್ಕು ಪ್ಲಗ್ಗು

ನಮ್ಮ ಅತ್ತೆ ನನ್ನ ಕಾರನ್ನು ಮೊದಲ ಸಲ ನೋಡಿದಾಗ ಅದರ ಕೆಂಪು ಬಣ್ಣವಾಗಲಿ, ಮಡಚಿ ಹಿಂದಕ್ಕೆ ಹಾಕುವ ಚಾವಣಿಯಾಗಲಿ ಅವರ ಕಣ್ಣಿಗೆ ಬೀಳಲೇ ಇಲ್ಲ. ಕಿಟಕಿಯೊಳಗೆ ತಲೆ ತೂರಿಸಿ ಏನೋ ಕಳೆದುಕೊಂಡವರ ಹಾಗೆ ಹುಡುಕಿದರು.

“ಇಂದ್ಗಡೆ ಸೀಟೆಲ್ಲಮ್ಮಿ?”

“ಇಲ್ಲ ಅತ್ತೆ. ಇರೋದೇ ಎರಡು. ಎರಡೂ ಮುಂದಿನ ಸೀಟೇ.”

“ಅಂದ್ರೆ ಯಾರು ಅತ್ತುದ್ರೂ ಮುಂದ್ಕೇ ಕೂರ್ಬೇಕು?”

“ಹೂಂ.”

ತಲೆ ಈಚೆಗೆ ತೆಗೆದು ಸೆರಗು ಸರಿಮಾಡಿಕೊಂಡರು. “ಇದು ಒಳ್ಳೇ ಕಾರು ಬುಡು” ಎಂದರು. ಆ ಕಾರಿಗೆ ನಮ್ಮೂರಿನಲ್ಲಿ ಸಿಕ್ಕ ಮೊದಲ ಹೊಗಳಿಕೆ ಅದು. ಮಿಕ್ಕವರೆಲ್ಲ ಆ ಹೊತ್ತಿಗೆ ನನಗೆ ತಲೆ ಕೆಟ್ಟಿದೆ ಎಂದು ತೀರ್ಮಾನ ಮಾಡಿಯಾಗಿತ್ತು.

ಕೆಟ್ಟಿದ್ದೇನೋ ನಿಜ. ಮದ್ದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತ, ಕೊಪ್ಪದ ಮನೆಯಿಂದ ಸ್ಕೂಟರಿನಲ್ಲಿ ಓಡಾಡಿಕೊಂಡಿದ್ದ ಹೆಂಗಸು ಐವತ್ತು ದಾಟಿದ ಮೇಲೆ, ವಯಸ್ಸಿನಲ್ಲಿ ತನಗಿಂತ ಕೊಂಚವೇ ಚಿಕ್ಕದಾದ ಸ್ಪೋರ್ಟ್ಸ್ ಕಾರನ್ನು ಮನೆಗೆ ತಂದರೆ ಜನ ಇನ್ನೇನು ಅಂದಾರು? ಮೈಸೂರಿನ ಗೆಳತಿಯೊಬ್ಬಳ ಮನೆಯಲ್ಲಿ ಅದು ಟಾರ್ಪಾಲಿನ ಕೆಳಗೆ ಮಲಗಿತ್ತು. ಅವರು ಮನೆ ಮಾರಿ ಫ್ಲ್ಯಾಟಿಗೆ ಹೋಗುವವರಿದ್ದರು. ಟಾರ್ಪಾಲು ಎತ್ತಿದ್ದೇ ತಡ, ನನಗೆ ಹದಿನಾರು ವಯಸ್ಸಾಗಿಬಿಟ್ಟಿತು. ಬೇಡ ಎನ್ನಲು ಬಾಯೇ ಬರಲಿಲ್ಲ. “ಒಂದು ಉಲ್ಲಿನ ಒರೆ ಆಕಕ್ಕೂ ಜಾಗ ಇಲ್ವಲ್ಲೇ ಇದ್ರಲ್ಲಿ” ಎಂದು ನನ್ನ ಗಂಡ ಕೊರಗಿದರು. ಹುಲ್ಲು ಹೊರಲು ನಿಮ್ಮ ಟ್ರ್ಯಾಕ್ಟರ್ ಇದೆಯಲ್ಲ ಎಂದೆ.

ಹಿಂದಿನ ಸೀಟು ಇಲ್ಲದ್ದು ಅತ್ತೆಗೆ ಯಾಕೆ ಅಷ್ಟು ಇಷ್ಟವಾಯಿತು ಎಂದು ಹೇಳಬೇಕು. ಅತ್ತೆಗೆ ಗಾಡಿ ಹತ್ತಿದರೆ ವಾಂತಿ. ಇದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಸಂಗತಿ. ಮನೆಯ ಬಿಳಿ ಕಾರಿನಲ್ಲಿ ಮುಂದಿನ ಸೀಟು ಮಾವನವರದು. ಅವರು ಹೋದ ಮೇಲೆ ಅದು ಮೈದುನನ ಪಾಲಾಯಿತು. ಅತ್ತೆ ಹಿಂದೆ, ಮಕ್ಕಳ ನಡುವೆ, ತೊಡೆಯ ಮೇಲೆ ಪಾತ್ರೆ ಚೀಲ, ಒಂದು ಕೈಯಲ್ಲಿ ಮೂಸಿ ನೋಡಲು ನಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು. ಮದ್ದೂರು ದಾಟುವಷ್ಟರಲ್ಲಿ ಮುಖ ಬಿಳಿಚಿಕೊಳ್ಳುತ್ತಿತ್ತು. ಅವರ ತವರು ಶಿವನಸಮುದ್ರದ ಹತ್ತಿರ. ದೂರವೇನಲ್ಲ. ಆದರೂ ಈ ವಾಂತಿಗೆ ಹೆದರಿ ತವರಿಗೆ ಹೋಗುವುದನ್ನೇ ಬಹುಪಾಲು ಬಿಟ್ಟಿದ್ದರು.

ಹೀಗಿರುವಾಗ ತವರಿನಿಂದ ಕರೆ ಬಂತು. ಅತ್ತೆಯ ತಮ್ಮನ ಮೊಮ್ಮಗನಿಗೆ ಮದುವೆಯಾಗಿತ್ತು, ಈಗ ಬೀಗರೂಟ. ಎರಡೂ ಕಡೆಯ ನೆಂಟರು ಒಟ್ಟಿಗೆ ಕೂತು ಬಾಡು, ಮುದ್ದೆ ಹೊಡೆಯುವ ದಿನ. ಅತ್ತೆ ಎಲ್ಲರೆದುರು ಘೋಷಿಸಿಬಿಟ್ಟರು.

“ನಾನು ಅಮ್ಮಿ ಕಾರಲ್ಲಿ ಓಯ್ತೀನಿ. ಮುಂದ್ಕೆ ಕೂತ್ಕೊಂಡು.”

ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕೂತ್ಕೊಂಡಲ್ಲ ಕಣವ್ವ, ತಳ್ಕೊಂಡು!”

ಅವರು ನಕ್ಕಿದ್ದಕ್ಕೆ ಕಾರಣವಿತ್ತು. ನನ್ನ ಕಾರು ಮೂರು ಸಿಲಿಂಡರಿನಲ್ಲಿ ಓಡಿ ನಾಲ್ಕನೆಯದರಲ್ಲಿ ಮುನಿಸಿಕೊಳ್ಳುತ್ತಿತ್ತು. ಕೆಮ್ಮುವುದು, ಮುಗ್ಗರಿಸುವುದು, ಮೋಡ ಕಂಡರೆ ನಿಂತೇಬಿಡುವುದು. ಅದರ ಹಿಂದಿನ ವಾರವಷ್ಟೇ ನಿಡಘಟ್ಟದಲ್ಲಿ, ಅದೂ ಹೋಟೆಲಿನ ಮುಂದೆಯೇ ನಿಂತುಹೋಗಿ, ಕಾಫಿ ಕುಡಿಯುತ್ತಿದ್ದ ಗಂಡಸರೆಲ್ಲ ಲೋಟ ಇಟ್ಟು ಬಂದು ತಳ್ಳಿದ್ದರು. “ಮೇಷ್ಟ್ರಮ್ಮ, ಇದ್ಕೆ ಒಂದ್ ಜೊತೆ ಎತ್ತು ಕಟ್ಬುಡಿ” ಎಂದಿದ್ದ ಒಬ್ಬ. ಆ ಸುದ್ದಿ ನನಗಿಂತ ಮೊದಲೇ ಊರು ಸೇರಿತ್ತು.

ತವರಿನ ಬಾಗಿಲಿಗೆ ತಳ್ಳಿಸಿಕೊಂಡು ಹೋಗುವುದೆಂದರೆ ಅತ್ತೆಗೆ ಸಾವೇ ವಾಸಿ. ಇಲ್ಲವಾದರೆ ಮತ್ತೆ ಅದೇ ಹಿಂದಿನ ಸೀಟು, ಅದೇ ಕವರು. ನನಗೂ ಹಟ ಹತ್ತಿತು. ಮದ್ದೂರಿನ ಮೆಕ್ಯಾನಿಕ್ಕಿಗೆ ತೋರಿಸಿದೆ. ಅವನು ಬಾನೆಟ್ ಎತ್ತಿ, “ಪ್ಲಗ್ಗೂ ಒಂಟೋಗವೆ, ವಯರೂ ಒಂಟೋಗವೆ ಮೇಡಂ. ವಯರು ಬಿರುಕು ಬುಟ್ಟು ಕರೆಂಟು ಆಚೆಗೆ ಸೋರ್ತಾ ಐತೆ. ಈ ಗಾಡಿ ಸಾಮಾನು ನನ್ತಾವ ಇಲ್ಲ. ಮಂಡ್ಯಕ್ಕೋಗಿ ಉಡುಕ್ಬೇಕು” ಎಂದ.

ಮನೆಗೆ ಬಂದು ಹೇಳಿದೆ. ಕರೆಂಟು ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಎದ್ದು ಕೂತರು. “ನಮ್ಮಪ್ಪ ಬ್ಲಫ್ ಪವರ್‌ಹೌಸಲ್ಲಿ ಕರೆಂಟು ಕಾದೋನು ಕಣಮ್ಮಿ. ವಯರಿನ ಇಚಾರ ನಂಗ್ ಬುಡು.” ಅವರಪ್ಪ ಶಿವನಸಮುದ್ರದ ಆ ವಿದ್ಯುತ್ ಕೇಂದ್ರದಲ್ಲಿ ಕಾವಲುಗಾರರಾಗಿದ್ದರು, ಕಾದದ್ದು ಗೇಟನ್ನು. ಆ ಮಾತನ್ನು ನಾನು ಎತ್ತಲಿಲ್ಲ.

ಹೊಸ ವಯರು ಎಷ್ಟುದ್ದ ಬೇಕೆಂದು ಅಳೆಯಬೇಕಿತ್ತು. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್ಗು ನಾಲ್ಕು, ಒಂದೊಂದಕ್ಕೆ ಒಂದೊಂದು ವಯರು. ನಾಲ್ಕೂ ನಡುವಿನ ಒಂದು ದುಂಡು ಮುಚ್ಚಳದಿಂದ ಹೊರಡುತ್ತವೆ, ಒಂದೊಂದೂ ಒಂದೊಂದು ಉದ್ದ. ನಾನು ಸ್ಕೇಲು ತರಲು ಹೋದೆ. ಬರುವಷ್ಟರಲ್ಲಿ ಅತ್ತೆ ಹೂ ಕಟ್ಟುವ ಬಾಳೆನಾರನ್ನು ವಯರಿನ ಮೇಲೆ ಎಳೆದು, ಅಳತೆಗೆ ಸರಿಯಾಗಿ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಮಂಡ್ಯಕ್ಕೆ ಬಸ್ಸಿನಲ್ಲಿ ಹೋದೆವು. ಡ್ರೈವರಿನ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಹೇಳಿ ಕೇಳಿ ಜಾಗ ಮಾಡಿಸಿಕೊಂಡು ಅತ್ತೆ ಕೂತರು. ವಾಂತಿ ಆಗಲಿಲ್ಲ. ಕೊಳ್ಳುವ ಆತುರದಲ್ಲಿದ್ದ ನಾವಿಬ್ಬರೂ ಅದನ್ನು ಗಮನಿಸಲೇ ಇಲ್ಲ.

ಬಿಡಿಭಾಗದ ಅಂಗಡಿಯವನು ಗಾಜಿನ ಮೇಲೆ ಪ್ಲಗ್ಗುಗಳನ್ನು ಸಾಲಾಗಿ ನಿಲ್ಲಿಸಿದ. ನಾನು ವಾರಗಟ್ಟಲೆ ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದೆ. ಎಂಜಿನ್ನಿನ ಒಳಗಿರುವ ಪ್ಲಗ್ಗಿನ ಮೂತಿಗೆ ಬಿಸಿ ತಾಕುತ್ತದಲ್ಲ, ಒಂದು ಬಗೆಯದು ಆ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಅದು ತಣ್ಣನೆ ಪ್ಲಗ್ಗು, ಜೋರಾಗಿ ಓಡಿಸುವವರಿಗೆ. ಇನ್ನೊಂದು ಬಿಸಿಯನ್ನು ಹಿಡಿದಿಟ್ಟುಕೊಂಡು ಮೂತಿಗೆ ಹತ್ತಿದ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದು ಬಿಸಿ ಪ್ಲಗ್ಗು. ನನ್ನ ಮನಸ್ಸೆಲ್ಲ ರೇಸಿನವರು ಹಾಕುವ ತಣ್ಣನೆ ಪ್ಲಗ್ಗಿನ ಮೇಲೆಯೇ.

“ಎಷ್ಟು ಸ್ಪೀಡಲ್ಲಿ ಓಡಿಸ್ತೀರಾ ಮೇಡಂ?” ಎಂದು ಅಂಗಡಿಯವನು ಕೇಳಿದ.

ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅತ್ತೆ ಹೇಳಿಬಿಟ್ಟರು. “ಕಬ್ಬಿನ ಟ್ರ್ಯಾಕ್ಟ್ರು ಇಂದೆ.”

ಅವನು ಪ್ರಯತ್ನಪಟ್ಟು ನಗು ತಡೆದುಕೊಂಡ. ನಾನು ಬಿಚ್ಚಿಕೊಂಡು ಹೋಗಿದ್ದ ಒಂದು ಹಳೇ ಪ್ಲಗ್ಗನ್ನು ನೋಡಿದರೆ ಸೌದೆ ಒಲೆಯ ಮೇಲಿನ ಪಾತ್ರೆಯಷ್ಟು ಮಸಿ. ಬಿಸಿ ಪ್ಲಗ್ಗೇ ಸರಿ ಎಂದು ನಾನು ಸೋತು ಒಪ್ಪಿಕೊಂಡೆ. ಯಾಕೆ ಎಂದು ವಿವರಿಸಿದಾಗ ಅತ್ತೆಗೆ ಬಲು ಖುಷಿ. “ಇದ್ಕೂ ಉಷ್ಣ, ಸೀತ ಐತಾ? ಅಂಗಾರೆ ನಿನ್ ಕಾರಿಗೆ ಸೀತ ಆಗಿ ಕೆಮ್ತಾ ಇತ್ತು ಅನ್ನು!” ಅಂಗಡಿಗೆ ಬಂದಿದ್ದವರೆಲ್ಲ ನಕ್ಕರು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಸೂಜಿಯಂಥ ಮೊನೆಯ ದುಬಾರಿ ಪ್ಲಗ್ಗೂ ಇತ್ತು. ಹಳೇ ಎಂಜಿನ್ನಿಗೆ ಮಾಮೂಲಿಯದೇ ಸಾಕು ಎಂದು ಅದನ್ನು ಬಿಟ್ಟೆವು. ಹೊಸದನ್ನು ಹಳೆಯದರ ಪಕ್ಕ ನಿಲ್ಲಿಸಿ ಉದ್ದ ಸರಿಯಿದೆಯೇ ನೋಡಿದೆವು. ಉದ್ದ ಹೆಚ್ಚಾದರೆ ಒಳಗೆ ಪಿಸ್ಟನ್ನಿಗೆ ಬಡಿಯುತ್ತದೆ. ವಯರಿಗೆ ಬಂದರೆ ಸಿದ್ಧಪಡಿಸಿದ ಸೆಟ್ಟು ಯಾವುದೂ ಹೊಂದಲಿಲ್ಲ. ಸುರುಳಿಯಿಂದ ಕತ್ತರಿಸಿಕೊಡುವುದು ಕಪ್ಪಿನಲ್ಲೂ ಕೆಂಪಿನಲ್ಲೂ ಇತ್ತು. ಒಳಗೆ ತಾಮ್ರದ ಎಳೆ ಇರುವುದನ್ನು ಹಾಕಿದರೆ ರೇಡಿಯೊ ಗೊರಗೊರ ಅನ್ನುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ. ನನ್ನ ಕಾರಿನಲ್ಲಿ ರೇಡಿಯೊ ಇರಬೇಕಾದ ಜಾಗದಲ್ಲಿ ಒಂದು ತೂತಿತ್ತು. ಹಾಗಾಗಿ ಆ ಚಿಂತೆ ಇರಲಿಲ್ಲ.

“ಕೆಂಪಿಂದೇ ಕೊಡಪ್ಪ” ಎಂದು ಅತ್ತೆ ಸೊಂಟದಿಂದ ಬಾಳೆನಾರು ತೆಗೆದರು. ಅವನು ನಾರಿನ ಅಳತೆಗೆ ವಯರು ಕತ್ತರಿಸಿ, ತುದಿಗಳನ್ನು ಕೂರಿಸಿಕೊಟ್ಟ. ಮಲ್ಲಿಗೆ ಹೂವನ್ನು ಮೊಳದ ಲೆಕ್ಕದಲ್ಲಿ ಕೊಂಡ ಹಾಗೆಯೇ ಅತ್ತೆ ವಯರನ್ನು ತೋಳಿಗೆ ಇಳಿಬಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಹಿಂದಿನಿಂದ ಅಂಗಡಿಯವನು ಕೂಗಿದ. “ಒಂದ್ ತೆಗ್ದು ಒಂದ್ ಆಕಿ ಮೇಡಂ. ಎಲ್ಲಾನೂ ಒಟ್ಗೆ ಕಿತ್ಬುಟ್ಟೀರ!”

ಊರು ಸೇರಿದಾಗ ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ಹೊಸ ಸಾಮಾನಿಗೆ ಕೈ ಹಚ್ಚಕೂಡದೆಂದು ಅತ್ತೆ ತಡೆದರು. ಬೆಳಿಗ್ಗೆಯೇ ಬೀಗರೂಟ. ಎದ್ದವಳೇ ಬಾನೆಟ್ ಎತ್ತಿದೆ. ಅತ್ತೆ ಎಂಜಿನ್ನಿನ ಪಕ್ಕ ನಿಂತು ತವರಿಗೆ ಕಳಿಸಲು ಒಂದು ಫೋಟೊ ಹೊಡೆಸಿಕೊಂಡರು. ಪೂಜೆಗೆ ಕರ್ಪೂರ ಬೇಕೆಂದರು. ನಾನು ಒಳಗೆ ಹೋದೆ.

ಬಂದು ನೋಡಿದರೆ ಹಳೇ ವಯರು ನಾಲ್ಕೂ ನೆಲದ ಮೇಲೆ.

“ಅತ್ತೆ! ಏನು ಮಾಡಿದ್ರಿ?”

“ಏನ್ ಮಾಡ್ದೆ? ಹಳೇ ಊವ ತಗೀದೆ ಒಸಾ ಊವ ಏರುಸ್ತಾರಾ?”

ದೇವರ ತಲೆಯ ಮೇಲಿನ ಬಾಡಿದ ಹೂವನ್ನು ಪೂರ್ತಿ ತೆಗೆದು, ಒರೆಸಿ, ಆಮೇಲೇ ಹೊಸದು. ಅವರು ಎಂಬತ್ತರ ಹತ್ತಿರ ಬರುವವರೆಗೂ ನಡೆಸಿಕೊಂಡು ಬಂದ ಪದ್ಧತಿ. ಅವರ ಕೈಯಲ್ಲಿ ಒರೆಸುವ ಬಟ್ಟೆಯೂ ಇತ್ತು. ಮುಚ್ಚಳ ಹೊಳೆಯುತ್ತಿತ್ತು. ಅದರ ಯಾವ ತೂತಿನಿಂದ ಯಾವ ಪ್ಲಗ್ಗಿಗೆ ವಯರು ಹೋಗಿತ್ತು ಎಂಬುದು ಮಾತ್ರ ಒರೆಸಿಹೋಗಿತ್ತು.

ನಾಲ್ಕು ವಯರನ್ನು ನಾಲ್ಕು ತೂತಿಗೆ ಇಪ್ಪತ್ತನಾಲ್ಕು ಬಗೆಯಲ್ಲಿ ಜೋಡಿಸಬಹುದು. ಜೀವಮಾನವಿಡೀ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದವಳು ನಾನು. ಅದು ಹೀಗೆ ಬಂದು ಕಚ್ಚುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅತ್ತ ನನ್ನ ಗಂಡ ಬಿಳಿ ಕಾರನ್ನು ಹೊರಗೆ ತಂದು, ಅದರ ಹಿಂದಿನ ಬಾಗಿಲನ್ನು ತೆಗೆದು ಹಿಡಿದು ನಿಂತರು. ಮುಂದೆ ಮೈದುನ ಕೂತಾಗಿತ್ತು. “ಬಾರವ್ವ, ಒತ್ತಾಯ್ತು.” ಅತ್ತೆ ಆ ತೆರೆದ ಬಾಗಿಲನ್ನು ನೋಡಿದರು. ಅವರ ಮುಖ ನೋಡಿ ನನಗೆ ಅಳು ಬಂದುಬಿಟ್ಟಿತು.

ಆಗ ಫೋಟೊ ನೆನಪಾಯಿತು. ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ಮೊದಲನೆಯ ಪ್ಲಗ್ಗಿನ ವಯರೂ ಕೊನೆಯದರ ವಯರೂ ಯಾವ ತೂತಿನಲ್ಲಿವೆ ಎಂದು ಸ್ಪಷ್ಟವಾಗಿತ್ತು. ನಡುವಿನ ಎರಡು ಮಾತ್ರ ಅತ್ತೆಯ ಜರಿ ಸೆರಗಿನ ಹಿಂದೆ. ಅಂದರೆ ಉಳಿದದ್ದು ಎರಡೇ ದಾರಿ. ಇಪ್ಪತ್ತನಾಲ್ಕರಿಂದ ಎರಡಕ್ಕೆ! ನಾನು ಅಂಗಳದಲ್ಲೇ ಕುಣಿದೆ. ಹೊಸ ಪ್ಲಗ್ಗು ತಿರುಗಿಸಿ ಕೂರಿಸಿದೆ, ವಯರು ಸಿಕ್ಕಿಸಿದೆ, ಅತ್ತೆ ವಿಭೂತಿ ಬಳಿದರು, ನಾನು ಕೀಲಿ ತಿರುಗಿಸಿದೆ.

ಡಮಾರ್!

ಕೋಳಿಗಳು ಗೋಡೆ ಹಾರಿದವು. ಎಮ್ಮೆ ಹಗ್ಗ ಕಿತ್ತುಕೊಂಡು ಬೀದಿಗೆ ಓಡಿತು. ನನ್ನ ಗಂಡ ಬಾಗಿಲು ಬಿಟ್ಟು ನೆಲಕ್ಕೆ ಕೂತೇಬಿಟ್ಟರು. ಆ ಅವಾಂತರ ನೋಡಿ ಅತ್ತೆ ಬಾನೆಟ್ಟಿಗೆ ಒರಗಿ ಬಿದ್ದು ಬಿದ್ದು ನಕ್ಕರು. “ಇನ್ನೊಂದ್ ಸತಿ ಅನ್ಸಮ್ಮಿ!”

ಅನ್ನಿಸಲಿಲ್ಲ. ನಡುವಿನ ಎರಡನ್ನು ಅದಲು ಬದಲು ಮಾಡಿದೆ. ಎಂಜಿನ್ ಒಂದೂ ತಪ್ಪದೆ, ಮುಗ್ಗರಿಸದೆ, ನಾನು ಅದರ ಬಾಯಲ್ಲಿ ಅದುವರೆಗೆ ಕೇಳಿಯೇ ಇರದ ದನಿಯಲ್ಲಿ ಹಾಡಿಕೊಂಡಿತು.

ಚಾವಣಿ ಮಡಚಿ ಹೊರಟೆವು. ಕೊಪ್ಪದ ಬೀದಿಯಲ್ಲಿ ಹಲ್ಲುಜ್ಜುತ್ತಿದ್ದವರು ಬ್ರಷ್ಷು ಬಾಯಲ್ಲೇ ಬಿಟ್ಟು ನೋಡಿದರು. ಅತ್ತೆ ಸೆರಗನ್ನು ತಲೆಗೆ ಕಟ್ಟಿಕೊಂಡು, ನಿಂಬೆಹಣ್ಣನ್ನು ಮಡಿಲಲ್ಲಿಟ್ಟುಕೊಂಡು, ಕಂಡವರಿಗೆಲ್ಲ ಕೈ ಎತ್ತಿದರು. ಮದ್ದೂರು ಬಂತು, ಹೋಯಿತು. ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಿದೆ. ನಾವಿಬ್ಬರೂ ಒಟ್ಟಿಗೆ ಕಿರುಚಿದೆವು.

ಸುಮಾರು ಹೊತ್ತಿನ ಮೇಲೆ ಅತ್ತೆ ಕೇಳಿದರು. “ಮಳವಳ್ಳಿ ಎಲ್ಲಿಗ್ ಬಂತಮ್ಮಿ?”

“ದಾಟಿ ಆಯ್ತಲ್ಲ ಅತ್ತೆ.”

ಅವರು ನಿಂಬೆಹಣ್ಣನ್ನು ಕೈಗೆತ್ತಿಕೊಂಡು ನೋಡಿದರು. ಒಂದು ಉಗುರಿನ ಗುರುತೂ ಬಿದ್ದಿರಲಿಲ್ಲ.

“ನಂಗೇನೂ ಆಗ್ನೇ ಇಲ್ವಲ್ಲ” ಎಂದರು. ಸ್ವಲ್ಪ ತಡೆದು, “ಮಂಡ್ಯದ ಬಸ್ಸಲ್ಲೂ ಆಗ್ನಿಲ್ಲ. ಅಂಗಾರೆ ನಂಗೆ ವಾಂತಿ ಬತ್ತಿದ್ದುದ್ದು ಗಾಡಿಯಿಂದ ಅಲ್ಲ ಕಣಮ್ಮಿ. ಇಂದ್ಗಡೆ ಸೀಟಿಂದ.”

ಇಷ್ಟು ವರ್ಷ, ಅಷ್ಟು ಜನ ಇದ್ದ ಮನೆಯಲ್ಲಿ, ಇವರನ್ನೊಮ್ಮೆ ಮುಂದೆ ಕೂರಿಸಿ ನೋಡೋಣ ಎಂದು ಯಾರಿಗೂ ಹೊಳೆದಿರಲಿಲ್ಲ. ನನಗೆ ಸಿಟ್ಟು ಬಂತು. ಆದರೆ ಯಾರ ಮೇಲೆ ತೋರಿಸುವುದು?

“ನಮ್ಮವ್ವ ಬದ್ಕಿದ್ದಾಗ ಗೊತ್ತಾಗ್ಬೇಕಾಗಿತ್ತು” ಎಂದು ಅತ್ತೆ ಮೆಲ್ಲಗೆ ಹೇಳಿದರು. ಗಾಳಿ ಜೋರಾಗಿತ್ತು. ಅವರು ಕಣ್ಣೊರೆಸಿಕೊಂಡದ್ದು ಧೂಳಿಗೋ ಏನೋ. ಆಮೇಲೆ ನನ್ನ ಕಡೆ ತಿರುಗಿದರು. “ಇನ್ನೂ ಜೋರಾಗೋಯ್ತದಾ ಇದು?”

ಹೋಯಿತು.

ತವರಿನ ಬೀದಿಯಲ್ಲಿ ಗಂಡಸರು ಪಂಚೆ ಎತ್ತಿ ಕಟ್ಟಿ ತಳ್ಳಲು ತಯಾರಾಗಿ ನಿಂತಿದ್ದರು. ಕಾರು ತಳ್ಳಿಸಿಕೊಂಡೇ ಬರುತ್ತದೆಂದು ನನ್ನ ಗಂಡ ಮೊದಲೇ ಫೋನು ಮಾಡಿ ಸುದ್ದಿ ಮುಟ್ಟಿಸಿದ್ದರು. ಶಾಮಿಯಾನದ ಮುಂದೆ ನಿಲ್ಲಿಸಲು ಹೋದೆ. ಅತ್ತೆ ನನ್ನ ತೋಳು ಹಿಡಿದರು. “ನಿಲ್ಲುಸ್ಬ್ಯಾಡ. ಇನ್ನೊಂದ್ ಸುತ್ತು.” ಅವರ ತಮ್ಮ ಟವಲು ಬೀಸುತ್ತ ಅಕ್ಕಾ ಅಕ್ಕಾ ಎಂದು ಹಿಂದೆಯೇ ಓಡಿ ಬಂದರು. “ಬತ್ತೀನಿ ತಡ್ಕೊಳ್ಲಾ!” ಎಂದು ಅತ್ತೆ ಅಲ್ಲಿಂದಲೇ ಕೂಗಿದರು. ತವರಿನ ಬೀದಿಗಳನ್ನೆಲ್ಲ ಮುಗಿಸಿಯೇ ನಾವು ಊಟಕ್ಕೆ ಕೂತದ್ದು.

ಊಟ ಮುಗಿಸಿ ಹೊರಡುವಾಗ ನನ್ನ ಗಂಡ ಬಿಳಿ ಕಾರಿನ ಮುಂದಿನ ಬಾಗಿಲು ತೆಗೆದು ನಿಂತಿದ್ದರು. ಮೈದುನ ತಾನಾಗಿಯೇ ಹಿಂದೆ ಹೋಗಿ ಮಕ್ಕಳ ನಡುವೆ ಕೂತಿದ್ದ. ಅಷ್ಟರಲ್ಲಿ ಅತ್ತೆ ಹೋಗಿ ಹೇಳಬೇಕಾದ್ದನ್ನು ಹೇಳಿ ಬಂದಿದ್ದರೆಂದು ಕಾಣುತ್ತದೆ. “ಬಾರವ್ವ, ಮುಂದ್ಕೇ ಕೂತ್ಕೊ” ಎಂದರು ನನ್ನ ಗಂಡ. ಅವರ ದನಿ ಸ್ವಲ್ಪ ಕುಗ್ಗಿತ್ತು.

“ನಾಳಿಂದ ಕೂರ್ತೀನಿ ಕಣ್ಲಾ. ಇವತ್ತು ಬುಡು.”

ಹೊಸ ಸಾಮಾನು ಹಾಕಿ ಹೊರಡುವಾಗ ಚಕ್ರಕ್ಕೆ ನಿಂಬೆಹಣ್ಣು ಇಡಬೇಕಿತ್ತು, ಬೆಳಗಿನ ಗಡಿಬಿಡಿಯಲ್ಲಿ ಅದನ್ನು ಮರೆತಿದ್ದೆವು. ಅತ್ತೆ ಮಡಿಲಿಂದ ತಮ್ಮ ನಿಂಬೆಹಣ್ಣು ತೆಗೆದು, ಬಗ್ಗಿ, ನನ್ನ ಕಾರಿನ ಮುಂದಿನ ಚಕ್ರದ ಕೆಳಗೆ ಇಟ್ಟರು. ವಾಂತಿಗೆಂದು ತಂದಿದ್ದ ಕವರನ್ನು ತಮ್ಮನ ಕೈಗೆ ಕೊಟ್ಟು, ಮಿಕ್ಕ ಬಾಡು ತುಂಬಿಸಿಕೊಂಡು ಬರಲು ಹೇಳಿದರು. ಅವರು ತಂದುಕೊಟ್ಟ ಮೇಲೆ ಅತ್ತೆ ಹತ್ತಿ ಕೂತು ಬಾಗಿಲು ಎಳೆದುಕೊಂಡರು. ನಾನು ಗೇರು ಹಾಕಿದೆ.