ನಾಲ್ಕು ಚಮಚ ಓಟ್ಸ್, ಉಳಿದದ್ದು ಅವ್ವನಿಗೆ

ನನ್ನ ಹೊಟ್ಟೆಯ ಮುಕ್ಕಾಲು ಪಾಲು ಸೊಲ್ಲಾಪುರದಲ್ಲಿ ಉಳಿಯಿತು. ನನ್ನ ಜೊತೆ ಜೇವರ್ಗಿಗೆ ವಾಪಸು ಬಂದ ಕಾಲು ಪಾಲಿಗೆ ದಿನಾ ಬೆಳಿಗ್ಗೆ ನಾಲ್ಕು ಚಮಚ ಓಟ್ಸ್ ಗಂಜಿ ಹಾಕುತ್ತೇನೆ. ಒಂದು ಚಮಚಕ್ಕೆ ಐದು ನಿಮಿಷ. ಉಪ್ಪು ಅಷ್ಟಕ್ಕಷ್ಟೇ, ಸಕ್ಕರೆ ಇಲ್ಲ. ತಿನ್ನುವಾಗ ನೀರು ಕುಡಿಯುವಂತಿಲ್ಲ, ತಿಂದ ಮೇಲೂ ಅರ್ಧ ಗಂಟೆ ಕುಡಿಯುವಂತಿಲ್ಲ. ಓಟ್ಸ್‌ನ ರುಚಿ ಹೇಗಿರುತ್ತದೆ ಎಂದು ಆಫೀಸಿನಲ್ಲಿ ಕೇಳುತ್ತಾರೆ. ನೆನೆದ ರಟ್ಟಿನ ಹಾಗೆ ಎಂದು ಹೇಳುತ್ತೇನೆ. ರಟ್ಟು ತಿಂದು ನೋಡಿಲ್ಲ, ಆದರೆ ಯಾರೂ ಅದನ್ನು ಪ್ರಶ್ನಿಸಿಲ್ಲ.

ನಾನು ಭೂಮಾಪಕ. ಎರಡು ಹೊಲದವರ ನಡುವೆ ಬದುವಿನ ತಕರಾರು ಬಂದಾಗ ಅಳೆದು ಕಲ್ಲು ನೆಡಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ಯಾವ ಸುತ್ತೋಲೆಯಲ್ಲೂ ಇಲ್ಲದ ನಿಯಮವೊಂದಿದೆ. ಒಬ್ಬನ ಮನೆಯಲ್ಲಿ ಉಂಡರೆ ಇನ್ನೊಬ್ಬನ ಮನೆಯಲ್ಲೂ ಅಷ್ಟೇ ಉಣ್ಣಬೇಕು. ಇಜೇರಿಯಲ್ಲಿ ಒಮ್ಮೆ ಅಣ್ಣ ತಮ್ಮಂದಿರ ತಕರಾರಿಗೆ ಹೋದಾಗ ಅಣ್ಣನ ಮನೆಯಲ್ಲಿ ಮೂರು ರೊಟ್ಟಿ ತಿಂದು ತಮ್ಮನ ಮನೆಯಲ್ಲಿ ಎರಡಕ್ಕೇ ಕೈ ತೊಳೆದೆ. ತಮ್ಮ ಅಳತೆಯನ್ನೇ ಒಪ್ಪಲಿಲ್ಲ. ಮುಂದಿನ ವಾರ ಮತ್ತೆ ಹೋಗಿ, ಮತ್ತೆ ಅಳೆದು, ಎರಡೂ ಕಡೆ ನಾಲ್ಕು ನಾಲ್ಕು ತಿಂದು ಬಂದೆ. ಬದು ಮೊದಲು ಇದ್ದಲ್ಲೇ ಇತ್ತು. ಇಂಥ ಇಪ್ಪತ್ತು ವರ್ಷದ ನಿಷ್ಪಕ್ಷಪಾತದಿಂದ ನಾನು ನೂರಾ ನಲವತ್ತು ಕಿಲೋ ದಾಟಿದೆ.

ಎಲ್ಲ ತಪ್ಪನ್ನೂ ರೈತರ ಮೇಲೆ ಹಾಕಬಾರದು. ಮನೆಯಲ್ಲಿ ಅವ್ವ ಇದ್ದಳು. ಅವ್ವನ ತವರು ಅಫಜಲಪುರ. ಭೀಮಾ ನದಿಯ ದಂಡೆಯ ಜೋಳ ತಿಂದು ಬೆಳೆದವಳು, ಮಿಕ್ಕ ಕಡೆಯ ಜೋಳವನ್ನು ಜೋಳವೆಂದು ಒಪ್ಪುವವಳಲ್ಲ. ಹೊಟ್ಟೆ ತುಂಬಿತೇ ಎಂದು ಕೇಳುತ್ತಾಳೆ. ತುಂಬಿತು ಎಂದರೆ ಇನ್ನೊಂದು ರೊಟ್ಟಿ ಬೀಳುತ್ತದೆ. ಇಲ್ಲ ಎಂದರೆ ಎರಡು. ಊಟದ ಗಂಗಾಳಕ್ಕೆ ಬಿದ್ದದ್ದನ್ನು ಬಿಡುವ ಹಾಗಿಲ್ಲ. ನಮ್ಮ ಮನೆಯಲ್ಲಿ ಗಂಗಾಳಕ್ಕೆ ಬಿದ್ದದ್ದೆಲ್ಲ ಪ್ರಸಾದ. ಉಂಡಾದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಅಂಟಿದ ಅಗುಳನ್ನು ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ಮಾತು ಬರುವ ಮೊದಲೇ ನನಗೆ ಇದು ಬರುತ್ತಿತ್ತಂತೆ. ಅವ್ವ ಇದನ್ನು ಬಂದವರ ಮುಂದೆ ಈಗಲೂ ಹೇಳುತ್ತಾಳೆ.

ಮೊಣಕಾಲು ಹೋಯಿತು. ಶುಗರ್ ಬಂತು. ಮಲಗಿದಾಗ ಉಸಿರು ನಿಂತು ನಿಂತು ಬರತೊಡಗಿತು. ಹೆಂಡತಿ ನೆಲೋಗಿಯ ಶಾಲೆಯಲ್ಲಿ ಟೀಚರ್. ಏಳೂವರೆಯ ಬಸ್ಸಿಗೆ ಹೊರಡಬೇಕಾದವಳು ನನ್ನ ಉಸಿರು ಎಣಿಸುತ್ತ ನಿದ್ದೆಗೆಟ್ಟು, ಕೊನೆಗೆ ಆಪರೇಷನ್ನಿನ ಮಾತು ತೆಗೆದಳು. ಸೊಲ್ಲಾಪುರದ ಡಾಕ್ಟರು ಚಿತ್ರ ಬರೆದು ತೋರಿಸಿದರು. ದೊಡ್ಡ ಚೀಲದಂಥ ಹೊಟ್ಟೆಯನ್ನು ಉದ್ದಕ್ಕೆ ಕತ್ತರಿಸಿ, ಬಾಳೆಕಾಯಿಯಷ್ಟು ಉಳಿಸಿ, ಮಿಕ್ಕದ್ದನ್ನು ತೆಗೆಯುವುದು. ನನಗೆ ಅದು ಪೋಡಿ ಮಾಡುವ ಹಾಗೆ ಕಂಡಿತು, ಹೊಲವನ್ನು ಭಾಗ ಮಾಡಿ ಬೇರೆ ನಕ್ಷೆ ಬರೆಯುವ ಕೆಲಸ. ಹೂಂ ಅಂದೆ.

ಅವ್ವನಿಗೆ ಹೇಗೆ ಹೇಳುವುದು ಎಂಬುದೊಂದೇ ಉಳಿಯಿತು. ಆಕೆ ಜೀವಮಾನವಿಡೀ ತುಂಬಿಸಿದ್ದನ್ನು ನಾನು ಹೋಗಿ ಕೊಯ್ಯಿಸಿಕೊಂಡು ಬರುತ್ತೇನೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಪಿತ್ತಕೋಶದಲ್ಲಿ ಹರಳಾಗಿವೆ, ತೆಗೆಸಬೇಕು, ಆಮೇಲೆ ಸ್ವಲ್ಪ ದಿನ ಪಥ್ಯ ಎಂದೆ. ಹೆಂಡತಿ ನನ್ನ ಮುಖ ನೋಡಿದಳು. ಅವ್ವ ಹರಳು ಎಷ್ಟು ದೊಡ್ಡವು ಎಂದು ಕೇಳಿದಳು. ಕಡಲೆಯಷ್ಟು ಎಂದೆ.

ಆ ಕಡಲೆ ನನ್ನನ್ನು ಐದು ತಿಂಗಳು ಕಾಡಿತು. ಅವ್ವನ ಲೆಕ್ಕದಲ್ಲಿ ಇದು ಪಥ್ಯ, ಪಥ್ಯಕ್ಕೆ ಕೊನೆ ಇರುತ್ತದೆ. ಹದಿನೈದು ದಿನ ನೀರು, ತಿಳಿಸಾರು ಮುಗಿದು ಓಟ್ಸ್ ಬಂದಾಗ ಆಕೆಗೆ ಸಂತೋಷವೇ ಆಯಿತು, ಇನ್ನೇನು ಮುಂದಿನದು ರೊಟ್ಟಿ ಎಂದು. ದಿನಾ ಬೆಳಿಗ್ಗೆ ನನ್ನ ಹೆಸರಿನ ಎರಡು ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ, ಓಟ್ಸ್‌ನ ಪಕ್ಕಕ್ಕೇ ಇಡುತ್ತಿದ್ದಳು. ಇವತ್ತು ತಿನ್ನುತ್ತೀಯಾ ಎಂದು ಬಾಯಿಬಿಟ್ಟು ಕೇಳಿದವಳಲ್ಲ. ಸಂಜೆ ಆ ರೊಟ್ಟಿ ಪಕ್ಕದ ಮನೆಯ ಎಮ್ಮೆಗೆ ಹೋಗುತ್ತಿತ್ತು. ನಾನು ಹಿಂದಿನಂತೆ ಉಣ್ಣುವ ದಿನಕ್ಕೆ ಅವ್ವ ಕಾಯುತ್ತಿದ್ದಳು, ಆ ದಿನ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಮ್ಮೆ ಮಾತ್ರ ಚೆನ್ನಾಗಿ ಮೈತುಂಬಿಕೊಂಡಿತು.

ಒಮ್ಮೆ ತಡೆಯಲಾರದೆ ಅರ್ಧ ರೊಟ್ಟಿ ತಿಂದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಹತ್ತು ನಿಮಿಷದಲ್ಲಿ ಬಚ್ಚಲಲ್ಲಿ ಬಗ್ಗಿ ಕೂತಿದ್ದೆ. ಎಣ್ಣೆ ಹೆಚ್ಚಾಗಿರಬೇಕು ಎಂದಳು. ರೊಟ್ಟಿಯಲ್ಲಿ ಎಣ್ಣೆ ಇರುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಓಟ್ಸ್‌ನ ಅಳತೆಯದು ಬೇರೆಯೇ ರಗಳೆ. ನಾಲ್ಕು ಚಮಚ ಸಾಕು ಎಂದು ಎಷ್ಟು ಹೇಳಿದರೂ ಅವ್ವ ದೊಡ್ಡ ಪಾತ್ರೆಯ ತುಂಬ ಕುದಿಸುತ್ತಿದ್ದಳು. "ಅಷ್ಟ ಮಾಡಿದ್ರ ಒಲಿ ನಗ್ತದ" ಅನ್ನುತ್ತಿದ್ದಳು. ಗಂಗಾಳದ ಅಂಚಿನವರೆಗೆ ಬಡಿಸುತ್ತಿದ್ದಳು. ನಾನು ನಾಲ್ಕು ಚಮಚ ತಿಂದು ಏಳುತ್ತಿದ್ದೆ. ಹುಟ್ಟಿದಾಗಿನಿಂದ ಗಂಗಾಳದಲ್ಲಿ ಬಿಡದವನು ಈಗ ದಿನಾ ಬಿಟ್ಟು ಏಳುತ್ತಿದ್ದೆ, ತೊಳೆದ ನೀರು ಕುಡಿಯದೆ. ಬಿಟ್ಟದ್ದು ಎಲ್ಲಿ ಹೋಗುತ್ತದೆ ಎಂದು ಕೇಳಲಿಲ್ಲ. ಎಮ್ಮೆಗೇ ಎಂದುಕೊಂಡಿದ್ದೆ.

ಐದನೇ ತಿಂಗಳಲ್ಲಿ ಅವ್ವನಿಗೆ ಕಣ್ಣು ಮಂಜಾಗತೊಡಗಿತು. ಅಂಗಳದಲ್ಲಿ ಎರಡು ಸಲ ತಲೆ ತಿರುಗಿ ಕೂತಳು. ಆಕೆಗೂ ಶುಗರ್ ಇದೆ, ಹತ್ತು ವರ್ಷದಿಂದ ಒಂದೇ ಗುಳಿಗೆಯಲ್ಲಿ ಹಿಡಿತದಲ್ಲಿತ್ತು. ಜೇವರ್ಗಿಯಲ್ಲೇ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ರಕ್ತದ ವರದಿ ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಬೆಳಿಗ್ಗೆ ಏನು ತಿನ್ನುತ್ತೀರಿ ಎಂದು ಕೇಳಿದರು.

"ಏನಿಲ್ರಿ. ಮಗ ಬಿಟ್ಟದ್ದು ಅಷ್ಟ."

ಬಿಟ್ಟದ್ದು ಏನು ಎಂದು ಡಾಕ್ಟರು ಕೇಳಿದರು. ಓಟ್ಸ್ ಎಂದಳು. ಓಟ್ಸ್‌ನಿಂದ ಇಷ್ಟು ಏರುವುದಿಲ್ಲವಲ್ಲ ಎಂದರು ಅವರು. ಅವ್ವ ಸೆರಗು ಸರಿಮಾಡಿಕೊಂಡಳು. ಆಮೇಲೆ, ಅದು ಹಾಗೇ ಗಂಟಲಿನಿಂದ ಇಳಿಯುವುದಿಲ್ಲ, ಸ್ವಲ್ಪ ಬೆಲ್ಲ ಹಾಕಿಕೊಳ್ಳುತ್ತೇನೆ ಎಂದಳು. ಎಷ್ಟು ಬೆಲ್ಲ ಎಂಬುದಕ್ಕೆ ಮುಷ್ಟಿ ತೋರಿಸಿದಳು. ಓಟ್ಸ್ ಶುರುವಾದಾಗಿನಿಂದ ದಿನಾ ಬೆಳಿಗ್ಗೆ, ನಾನು ಆಫೀಸಿಗೆ ಹೋದ ಮೇಲೆ, ನನ್ನ ಎಂಜಲು ಗಂಗಾಳಕ್ಕೆ ಬೆಲ್ಲ ಕಲಸಿ ಮುಗಿಸಿ, ನೀರು ಹಾಕಿ ತೊಳೆದು, ನನ್ನ ಪಾಲಿನ ನೀರನ್ನೂ ಆಕೆಯೇ ಕುಡಿದಿದ್ದಳು. ಪ್ರಸಾದ ಚೆಲ್ಲಬಾರದಲ್ಲ.

ಡಾಕ್ಟರು ನನ್ನ ಕಡೆ ತಿರುಗಿದರು. ಅವ್ವನೇ ನನ್ನ ಪರವಾಗಿ ಮಾತಾಡಿದಳು.

"ಇನ್ನ ಸ್ವಲ್ಪ ದಿನ ರಿ. ಇವನ ಹೊಟ್ಟಿ ಸುದ್ದ ಆತಂದ್ರ ರೊಟ್ಟಿ ಉಣ್ತಾನ. ಆಮ್ಯಾಲ ನಾನೂ ಇದನ್ನ ಬಿಡ್ತೇನಿ."

ಹೊರಗಿನ ಬೆಂಚಿನ ಮೇಲೆ ಆಕೆಯನ್ನು ಕೂರಿಸಿ ಹೇಳಿದೆ. ಹರಳು ಇರಲಿಲ್ಲ, ಹೊಟ್ಟೆಯನ್ನೇ ಕೊಯ್ಯಿಸಿದೆ, ಬಾಳೆಕಾಯಿಯಷ್ಟು ಉಳಿದಿದೆ, ಅದು ಮತ್ತೆ ಬೆಳೆಯುವುದಿಲ್ಲ, ಇನ್ನು ನನ್ನ ಊಟ ಹೀಗೇ. ಒಂದೇ ಉಸಿರಿಗೆ ಹೇಳಿದೆ, ನಡುವೆ ನಿಂತರೆ ಮತ್ತೊಂದು ಸುಳ್ಳು ಹೇಳುತ್ತೇನೆ ಎಂಬ ಭಯಕ್ಕೆ. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ಉತ್ತರ ತಯಾರಿತ್ತು.

"ಕೊಯ್ದದ್ದು ಎಲ್ಲಿ ಇಟ್ರು?" ಎಂದು ಕೇಳಿದಳು.

ಗೊತ್ತಿಲ್ಲ ಎಂದೆ.

"ಮಣ್ಣು ಕೊಟ್ರೋ, ಸುಟ್ರೋ?"

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡ್ರಿಸಿ ಮಣ್ಣು ಕೊಡುತ್ತೇವೆ. ಅಪ್ಪ ನಮ್ಮ ಹೊಲದಲ್ಲೇ ಕೂತಿದ್ದಾನೆ. ಅವನ ಪಕ್ಕದ ಜಾಗ ಅವ್ವನದು, ಅದರ ಪಕ್ಕದ್ದು ನನ್ನದು. ಆ ಜಾಗಗಳನ್ನು ಅಳೆದವನೂ ನಾನೇ. ಕೇಳಲಿಲ್ಲ ಎಂದೆ.

"ಮಂದಿ ಹೊಲದಾಗ ಗೇಣು ನೆಲಕ್ಕ ಕಲ್ಲು ನೆಡಿಸ್ತಿ. ನಿನ್ನ ಹೊಟ್ಟಿ ಎಲ್ಲಿ ಹೋತು ಅಂತ ಕೇಳಲಿಲ್ಲ," ಎಂದಳು. ದನಿ ಏರಿಸಲಿಲ್ಲ. "ನಲವತ್ತೇಳು ವರ್ಷ ನಾ ತುಂಬಿಸಿದ್ದು ಲೇ ಅದು."

ನನಗೆ ಬಹಳ ನಾಚಿಕೆಯಾಯಿತು. ಸುಳ್ಳು ಹೇಳಿದ್ದಕ್ಕಿಂತ, ಕೇಳದೆ ಬಂದದ್ದಕ್ಕೆ. ಅಲ್ಲಿಂದಲೇ ಸೊಲ್ಲಾಪುರಕ್ಕೆ ಫೋನ್ ಹಚ್ಚಿದೆ. ಮೂರು ಜನರ ಕೈ ದಾಟಿದ ಮೇಲೆ ಒಬ್ಬ ಹೆಣ್ಣುಮಗಳು ಮರಾಠಿಯಲ್ಲಿ, ಇಂಥವನ್ನೆಲ್ಲ ನಿಯಮದ ಪ್ರಕಾರ ಸುಡುತ್ತಾರೆ ಎಂದಳು. ಯಾಕೆ ಕೇಳುತ್ತಿದ್ದೀರಿ ಎಂದೂ ಕೇಳಿದಳು. ಅವ್ವನಿಗೆ ಬೇಕಿತ್ತು ಎಂದೆ. ಸುಟ್ಟಿದ್ದಾರೆ ಎಂದು ಅವ್ವನಿಗೆ ಹೇಳಿದೆ. ಆಕೆ ತಲೆ ಆಡಿಸಿ ಎದ್ದಳು. ದಾರಿಯುದ್ದಕ್ಕೂ ನನ್ನ ಮುಂದೆ ಮುಂದೆ ನಡೆದಳು. ಮನೆಗೆ ಬಂದವಳೇ ಸ್ನಾನ ಮಾಡಿದಳು, ಸಾವಿನ ಮನೆಗೆ ಹೋಗಿ ಬಂದವರ ಹಾಗೆ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ಎಷ್ಟು ರೊಟ್ಟಿ ಎಂದು ಮಲಗಿದಲ್ಲಿಂದಲೇ ಎಣಿಸಿದೆ. ಹೆಂಡತಿಯ ಬುತ್ತಿಗೆ ಎರಡು, ಅವ್ವನಿಗೆ ಒಂದು. ಅಲ್ಲಿಗೆ ಸದ್ದು ನಿಂತಿತು. ಹೆಂಡತಿ ಬಸ್ಸಿಗೆ ಹೋದ ಮೇಲೆ ಒಳಗೆ ಹೋದೆ. ಗಂಗಾಳ ಇರಲಿಲ್ಲ. ತುಪ್ಪದ ಬಟ್ಟಲು ಇತ್ತು. ಅದರಲ್ಲಿ ನಾಲ್ಕು ಚಮಚ ಓಟ್ಸ್ ಇತ್ತು. ಒಲೆ ನಕ್ಕಿತೋ ಇಲ್ಲವೋ ಗೊತ್ತಿಲ್ಲ.

ಅವ್ವ ತನ್ನ ರೊಟ್ಟಿ ಇಟ್ಟುಕೊಂಡು ಎದುರಿಗೆ ಕೂತಳು, ಮುರಿಯಲಿಲ್ಲ. ನಾನು ಇಪ್ಪತ್ತು ನಿಮಿಷ ತಿಂದೆ. ಬಟ್ಟಲು ಖಾಲಿಯಾಯಿತು. ಎರಡು ಗುಟುಕು ನೀರು ಹಾಕಿ, ಬೆರಳಾಡಿಸಿ ತೊಳೆದು, ಎತ್ತಿ ಕುಡಿಯಲು ಹೋಗಿ ತಡೆದೆ. ಅರ್ಧ ಗಂಟೆ ನೀರು ಕುಡಿಯುವಂತಿಲ್ಲ ಎಂದೆ. ಹಾಗಾದರೆ ಕೂಡು ಎಂದಳು. ಕೂತೆವು. ನಡುವೆ ತೊಳೆದ ನೀರಿನ ಬಟ್ಟಲು, ಆಕೆಯ ಮುಂದೆ ಆರುತ್ತಿರುವ ರೊಟ್ಟಿ, ಗೋಡೆಯ ಮೇಲೆ ಗಡಿಯಾರ. ನೆಲೋಗಿಯ ಕಡೆ ಬೆಳಿಗ್ಗೆಯೇ ಅಳತೆಗೆ ಹೋಗಬೇಕಿತ್ತು, ಎರಡೂ ಕಡೆಯವರು ಕಾಯುತ್ತಿದ್ದರು. ನೀ ಉಣ್ಣು ಎಂದೆ. ಆಕೆ ಗಡಿಯಾರ ನೋಡಿದಳು.

ಅರ್ಧ ಗಂಟೆ ಆದ ಮೇಲೆ ಬಟ್ಟಲು ಎತ್ತಿ ಆ ನೀರು ಕುಡಿದೆ.

"ಹೊಟ್ಟಿ ತುಂಬಿತೇನು?" ಎಂದು ಕೇಳಿದಳು.

ತುಂಬಿತು ಎಂದೆ. ಅವ್ವ ಬಟ್ಟಲನ್ನು ತೆಗೆದುಕೊಂಡು, ತಳ ನೋಡಿ, ಪಕ್ಕಕ್ಕಿಟ್ಟು, ತನ್ನ ರೊಟ್ಟಿ ಮುರಿದಳು.