ಆರಡಿ ನೆರಳು

ಮೊನ್ನೆ ಮಧ್ಯಾಹ್ನ ದಿಂಡಿಗಲ್ಲಿನ ನಮ್ಮ ಮನೆಯ ತಾರಸಿಗೆ ಸಂಡಿಗೆ ತಿರುವಿ ಹಾಕಲು ಹೋಗಿದ್ದೆ. ಮುಂದೆ ಬಿದ್ದಿದ್ದ ನನ್ನದೇ ನೆರಳು ಕಂಡು ಏನನ್ನಿಸಿತೋ, ಚಪ್ಪಲಿ ಕಳಚಿ, ತಲೆಯ ನೆರಳು ಬಿದ್ದ ಕಡೆ ಒಂದು ಸಂಡಿಗೆ ಇಟ್ಟು, ನಿಂತ ಜಾಗದಿಂದ ಅಲ್ಲಿಯವರೆಗೆ ಅಡಿಗೆ ಅಡಿ ಸೇರಿಸಿ ನಡೆದೆ. ಐದಡಿ, ಮೇಲೆ ಚೂರು. ಹಾಗಾದರೆ ಹೊತ್ತು ಎಷ್ಟು? ಗೊತ್ತಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು, ಅಂಗಾಲು ಸುಟ್ಟುಕೊಂಡು ಕೆಳಗಿಳಿದು ಮೊಬೈಲು ನೋಡಿದೆ.

ನೀವು ನಗಬಹುದು. ನನಗೆ ಮಾತ್ರ ನಗು ಬರಲಿಲ್ಲ. ಹಿಂದಿನ ದಿನವಷ್ಟೇ ಪೆರಿಯಕುಳದಿಂದ ಫೋನು ಬಂದಿತ್ತು, ನಮ್ಮೂರಿನ ಕೆಂಚತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ ಅಂತ. ಆ ನೆರಳಿನ ಲೆಕ್ಕ ಬಲ್ಲವಳು ಈಗ ಅವಳೊಬ್ಬಳೇ. ಅವಳ ಮುಂದೆ ಹೋಗಿ ನಿಲ್ಲುವ ಧೈರ್ಯ ನನಗೆ ಐವತ್ತು ವರ್ಷದಿಂದ ಬಂದಿರಲಿಲ್ಲ.

ಕಂಬಂ ಕಣಿವೆಯಲ್ಲಿ ನಮ್ಮವರು ಬೇಸಾಯ ಹಿಡಿದು ಎಷ್ಟು ತಲೆಮಾರಾಯಿತು ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎತ್ತು ಕಟ್ಟಿ ನೀರೆತ್ತುವ ನಮ್ಮ ಕಪಿಲೆ ಬಾವಿ ಮೂರು ಮನೆಗೆ ಸೇರಿದ್ದು. ಬೆಳಗ್ಗೆ ನಮ್ಮ ಎತ್ತು, ಆಮೇಲೆ ಮೇಲ್ಮನೆ ಮಾವನದು, ಕೊನೆಗೆ ಗಂಡ ತೀರಿಕೊಂಡ ಕೆಂಚತ್ತೆಯದು. ಮಧ್ಯಾಹ್ನ ಇಳಿದು ನೆರಳು ಆರಡಿಗೆ ಬಂತೆಂದರೆ ಮಾವ ಎತ್ತು ಬಿಚ್ಚಬೇಕು, ಅತ್ತೆ ಕಟ್ಟಬೇಕು. ತಿಂಗಳು ತಿರುಗಿದಂತೆ ಅದಕ್ಕೆ ಅರ್ಧ ಅಡಿ ಸೇರಿಸುವುದು, ಕಾಲಡಿ ಕಳೆಯುವುದು ಉಂಟು. ಆ ಲೆಕ್ಕವೆಲ್ಲ ನನ್ನ ತಾತನ ಬಾಯಲ್ಲಿತ್ತು, ಅವನಿಂದ ಕೇಳಿ ಕೇಳಿ ಕೆಂಚತ್ತೆಗೂ ಬಂದಿತ್ತು. ತಾತ ಯಾರದೋ ಜಗುಲಿಯ ಮೇಲೆ, ಮರಳಿನಲ್ಲಿ ಬೆರಳಾಡಿಸಿ ಕಲಿತವನು. ಬಿಳಿ ದೊರೆಗಳ ಇಸ್ಕೂಲು ಬಂದ ಮೇಲೆ ಅಂಥ ಜಗುಲಿಗಳು ಒಂದೊಂದಾಗಿ ಖಾಲಿಯಾದವಂತೆ. ಅಲ್ಲಿ ಕಲಿತವರಿಗೆ ಸರ್ಟಿಫಿಕೇಟು ಇಲ್ಲ, ಅದಿಲ್ಲದವರಿಗೆ ನೌಕರಿ ಇಲ್ಲ.

ನಾನು ಓದಿದ್ದು ಆ ದೊರೆಗಳು ಕಟ್ಟಿಸಿ ಬಿಟ್ಟುಹೋದ ಇಸ್ಕೂಲಿನಲ್ಲೇ. ದೊರೆಗಳು ಹೋಗಿದ್ದರು, ಗಂಟೆ, ಬೆಂಚು, ಬೆತ್ತ ಹೋಗಿರಲಿಲ್ಲ. ಗಾಜಿನ ಬೀರುವಿನಲ್ಲಿ ಒಂದು ಹಿತ್ತಾಳೆಯ ಅಳತೆಗೋಲು ಇತ್ತು, ಮುಟ್ಟುವ ಹಾಗಿಲ್ಲ. ಒಂದು ದಿನ ನಮ್ಮ ವಾದ್ಯಾರು, ಅಂದರೆ ಮೇಷ್ಟ್ರು, ಅದನ್ನು ತೋರಿಸಿ, ಕೈಕಾಲಲ್ಲಿ ಅಳೆಯುವುದು ಓದುಬರಹ ಇಲ್ಲದವರ ಪದ್ಧತಿ, ಒಬ್ಬರ ಪಾದದ ಹಾಗೆ ಇನ್ನೊಬ್ಬರದು ಇರುವುದಿಲ್ಲ ಎಂದರು. ಅಬ್ಬಾ, ಹತ್ತು ವರ್ಷದವಳಿಗೆ ಇಡೀ ಊರಿಗಿಂತ ಹೆಚ್ಚು ಗೊತ್ತಾಗಿಬಿಟ್ಟ ಖುಷಿ!

ಅವತ್ತು ಅರ್ಧ ದಿನದ ಇಸ್ಕೂಲು. ಮಧ್ಯಾಹ್ನ ಇಳಿದ ಮೇಲೆ ಬಾವಿಯ ಹತ್ತಿರ ಮಾವನಿಗೂ ಅತ್ತೆಗೂ ಸಣ್ಣ ಜಟಾಪಟಿ. ಆರಡಿ ಆಗಿಲ್ಲ ಎಂದು ಮಾವ, ಆಯಿತು ಎಂದು ಅತ್ತೆ. ತಾತ ಅಳೆದು ಆಯಿತೆಂದ. ನಾನು ನಡುವೆ ಬಾಯಿ ಹಾಕಿದೆ.

"ತಾತನ್ ಕಾಲು ದೊಡ್ದು, ಅತ್ತೆ ಕಾಲು ಸಣ್ದು. ಅದೆಂಗೆ ಅಳತೆ ಆಗ್ತದೆ? ತಪ್ಪು ಅಂತ ವಾದ್ಯಾರ್ ಹೇಳವ್ರೆ."

ಮಾವನ ಮುಖ ಅರಳಿತು. "ಕೇಳಿದ್ರಾ? ಪಳ್ಳಿಕ್ಕೂಡದ್ ಪುಳ್ಳೆ, ಇಸ್ಕೂಲ್ ಕೂಸು ಹೇಳ್ತದೆ. ನಮ್ಮನೇಲಿ ಗಡಿಯಾರ ಅದೆ. ನಾಳೆಯಿಂದ ಅದೇ ನ್ಯಾಯ."

ತಾತ ನನ್ನನ್ನು ಬೈಯಲಿಲ್ಲ. "ಓದೋ ಕೂಸು ಹೇಳಿದ್ರೆ ಸರಿ ಇರ್ತದೆ" ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಆಮೇಲೆ ಅವನು ನೆರಳು ಅಳೆದದ್ದನ್ನು ನಾನು ನೋಡಲಿಲ್ಲ.

ಗಡಿಯಾರ ಮಾವನ ಜಗುಲಿಯಲ್ಲಿ ಕೂತಿತು. ಅತ್ತೆಗೆ ಅದರ ಮುಳ್ಳು ಓದಲು ಬಾರದು. "ನನ್ ನೆಳ್ಳು ಎಂಟಡಿ ಆಗೋಯ್ತು, ಎತ್ತು ಬಿಚ್ಚಪ್ಪಾ" ಎಂದು ಅವಳು ಬದುವಿನ ಮೇಲೆ ನಿಂತು ಕೂಗುವುದು, "ಗಡಿಯಾರದಲ್ಲಿ ಆಗಿಲ್ಲಕ್ಕಾ" ಎಂದು ಅವನು ಹೇಳುವುದು. ನನಗೆ ಮುಳ್ಳು ಓದಲು ಬರುತ್ತಿತ್ತು. ಗಡಿಯಾರದಲ್ಲೂ ಹೊತ್ತು ಮೀರಿದ್ದನ್ನು ಎಷ್ಟೋ ಸಲ ಕಣ್ಣಾರೆ ಕಂಡೆ. ಹೇಳಲಿಲ್ಲ. ಅವಳ ಈರುಳ್ಳಿ ಎರಡು ಬೆಳೆ ಒಣಗಿತು. ಭೂಮಿಯನ್ನು ಮಾವನಿಗೇ ಬಿಟ್ಟು, ಮಗಳ ಕೈ ಹಿಡಿದುಕೊಂಡು ಪೆರಿಯಕುಳದ ಮಾವಿನ ತೋಪಿಗೆ ಕೂಲಿಗೆ ಹೋದಳು.

ಎಷ್ಟೋ ವರ್ಷದ ಮೇಲೆ, ತರಗತಿಯಲ್ಲಿ ಸಮರೂಪ ತ್ರಿಭುಜದ ಪಾಠ ಮಾಡುತ್ತಿದ್ದಾಗ ನನ್ನ ಕೈಯ ಸೀಮೆಸುಣ್ಣ ಹಾಗೇ ನಿಂತಿತು. ಎತ್ತರದವರ ನೆರಳು ಉದ್ದ, ಪಾದವೂ ಉದ್ದ. ಗಿಡ್ಡಗಿದ್ದವರ ನೆರಳು ಚಿಕ್ಕದು, ಪಾದವೂ ಚಿಕ್ಕದು. ಅವರವರ ನೆರಳನ್ನು ಅವರವರ ಪಾದದಿಂದಲೇ ಅಳೆದರೆ ಎಲ್ಲರಿಗೂ ಹೆಚ್ಚುಕಡಿಮೆ ಅದೇ ಆರು! ಅಯ್ಯೋ ಶಿವನೇ, ತಾತನಿಗೆ ಗೊತ್ತಿದ್ದದ್ದು ಇದೇ. ಬಾವಿಯ ಹತ್ತಿರ ಯಾರೂ ಯಾರ ಮಾತನ್ನೂ ನಂಬಿಕೊಂಡು ಕೂರಬೇಕಿರಲಿಲ್ಲ. ಅದನ್ನು ಅವರ ಕೈಯಿಂದ ಕಿತ್ತುಕೊಂಡವಳು ನಾನು. ತಾತ ಆಗ ಇರಲಿಲ್ಲ.

ನಿನ್ನೆ ಪೆರಿಯಕುಳದ ಬಸ್ಸು ಹತ್ತಿದೆ. ದಾರಿಯಲ್ಲಿ ವತ್ತಲಗುಂಡು ಬಂದಾಗ ಇಳಿದು ವಾಪಸು ಹೋಗೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ. ಮಗಳ ಮನೆಯ ಅಂಗಳದಲ್ಲಿ ಅತ್ತೆ ಬೆನ್ನು ಬಾಗಿ ಕೂತಿದ್ದಳು. ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರು? ಬಾವಿ ಪುಳ್ಳೆಯಾ?"

ಹೌದೆಂದು ಹತ್ತಿರ ಹೋದೆ. ನೆರಳಿನ ಲೆಕ್ಕ ಹೇಳಿಕೊಡು ಅತ್ತೆ, ಎಂದೆ. ಅವಳು ಕೋಲೂರಿ ಎದ್ದು ಬಿಸಿಲಿಗೆ ಬಂದಳು. ಬಾಗಿದ ಮೈಯ ನೆರಳು ಅವಳ ಕಾಲಲ್ಲಿ ನಾಲ್ಕಡಿಯೂ ಇರಲಿಲ್ಲ.

"ನನ್ ನೆಳ್ಳು ಈಗ ಸುಳ್ ಹೇಳ್ತದೆ. ನೀ ನಿಂತ್ಕೊ."

ನಿಂತೆ. ಅವಳು ನನ್ನ ತಲೆಯ ನೆರಳಿನ ತುದಿಗೆ ಕೋಲಿನಿಂದ ಗೀಟು ಎಳೆದಳು. ನಡೆದು, "ಆರು ಅತ್ತೆ" ಎಂದೆ.

"ಹಾಂ. ಈ ನೇರಕ್ಕೆ, ಇದೇ ಹೊತ್ಗೆ, ಅವನು ಎತ್ತು ಬಿಚ್ಚಬೇಕಿತ್ತು."

"ಅತ್ತೆ, ಗಡಿಯಾರ ನಂಗೆ ಓದಕ್ ಬರ್ತಿತ್ತು. ನಾನು ಹೇಳಲಿಲ್ಲ."

"ಗೊತ್ತು. ನೀ ಮುಳ್ ನೋಡೋದು, ಆಮೇಲೆ ನನ್ ನೋಡೋದು, ನಾ ಕಾಣ್ತಿದ್ನಲ್ಲ."

"ಕೋಪ ಅದಾ?"

"ಅದೆ" ಎಂದಳು, ಒಂದು ಕ್ಷಣವೂ ತಡಮಾಡದೆ. ಆಮೇಲೆ ಕೋಲಿನಿಂದ ಪಕ್ಕದ ನೆಲ ತಟ್ಟಿದಳು. "ಹೋಗ್ಬೇಡ, ಕುಂತ್ಕೊ. ಒಂದೊಂದ್ ತಿಂಗಳ ಲೆಕ್ಕಾನೂ ಹೇಳ್ತೀನಿ. ಬಾಯಿಪಾಠ ಆಗೋಗಂಟ ನಿನ್ನ ಬಿಡಾಕಿಲ್ಲ."