ನೀಲಕ್ಕನ ಎಡಗೈ

ಆ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಇದ್ದವರು ಮೂವರು: ನಾನು, ಮನೆಗೆಲಸದ ಮಂಗಮ್ಮ, ಮತ್ತು ಟಿ.ವಿ. ಪಕ್ಕದಲ್ಲಿ ನೆಟ್ಟಗೆ ನಿಂತಿರುವ ಒಂದು ಮರದ ಕೈ. ಕೈಯನ್ನೂ ಲೆಕ್ಕಕ್ಕೆ ಸೇರಿಸಿದ್ದಕ್ಕೆ ನಗಬೇಡಿ. ನಮ್ಮ ಮನೆಗೆ ಬಂದವರು ನನ್ನನ್ನು ಮಾತಾಡಿಸುವ ಮೊದಲು ಅದನ್ನೇ ಮಾತಾಡಿಸುತ್ತಾರೆ. ಮಣಿಕಟ್ಟಿನಿಂದ ಮೇಲಷ್ಟೇ ಇರುವ ಹೆಂಗಸಿನ ಕೈ. ಲೋಟ ಹಿಡಿದಂತೆ ಬೆರಳು ಮಡಚಿಕೊಂಡಿದೆ, ಲೋಟ ಇಲ್ಲದ್ದರಿಂದ ಸದ್ಯಕ್ಕೆ ಟಿ.ವಿ. ರಿಮೋಟ್ ಹಿಡಿದಿದೆ. ಬಣ್ಣದಲ್ಲಿ ಬರೆದ ನಾಲ್ಕು ಹಸಿರು ಬಳೆ, ಕೆಂಪು ಉಗುರು. ಹೆಬ್ಬೆರಳ ಬುಡದಲ್ಲಿ ಒಂದು ಕರಿ ಕಲೆ.

ಮಂಗಮ್ಮ ಒದ್ದೆ ಬಟ್ಟೆ ಹಿಡಿದು ಅದರ ಮುಂದೆ ನಿಂತು, "ಮಸಿ ಅಂಟುಕುಂದಿ ಸಾರ್, ಕಡಿಗೆಯ್ಯನಾ?" ಎಂದಳು. ಮಸಿ ಅಂಟಿಕೊಂಡಿದೆ, ತೊಳೆದುಬಿಡಲೇ ಎಂದು. ಬಾಗಿಲು ಬಡಿದರೂ ಕುರ್ಚಿ ಬಿಟ್ಟು ಏಳದ ನಾನು ಎರಡೇ ಹೆಜ್ಜೆಗೆ ಅಲ್ಲಿದ್ದೆ. ಅವಳು ಕೈ ಬಿಟ್ಟು ನನ್ನ ಮುಖ ನೋಡಿದಳು. ಅಂದಮೇಲೆ ಕಥೆ ಹೇಳಲೇಬೇಕಾಯಿತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮಗಾದರೆ ಕನ್ನಡದಲ್ಲಿ ಹೇಳಬಹುದು, ಅಷ್ಟು ಸುಖ.

ನಾನು ಚನ್ನರಾಯಪಟ್ಟಣದ ಕಡೆಯವನು. ವಿಜಯವಾಡದ ಹತ್ತಿರದ ಒಂದು ವಿದ್ಯುತ್ ಸ್ಥಾವರದ ಉಗ್ರಾಣಕ್ಕೆ ಬಂದು ಆಗ ಮೂರು ತಿಂಗಳಾಗಿತ್ತು. ತೆಲುಗು ಎಂದರೆ ಕನ್ನಡಕ್ಕೇ ಒಂಚೂರು ಒಗ್ಗರಣೆ ಹಾಕಿದ್ದು ಎಂಬ ಧೈರ್ಯದಲ್ಲಿದ್ದೆ. ಎರಡರ ಅಕ್ಷರವೂ ಅಕ್ಕಪಕ್ಕದ ಮನೆಯವರಂತೆ ಕಾಣುತ್ತಲ್ಲ, ಆ ಧೈರ್ಯ. ನಮ್ಮಜ್ಜಿ ಯಾವ ಊರಿಗೆ ಹೋದರೂ ತನ್ನ ಕನ್ನಡವನ್ನೇ ಸ್ವಲ್ಪ ಗಟ್ಟಿಯಾಗಿ ಹೇಳಿ ಕೆಲಸ ಮಾಡಿಸಿಕೊಳ್ಳುತ್ತಿದ್ದಳು. ನನಗೂ ಅದೇ ಪಾಠವಾಗಿತ್ತು.

ಅಲ್ಲಿ ಸಿಕ್ಕವರು ನೀಲಕ್ಕ. ಗದಗಿನವರು, ಕಟ್ಟಡ ತಪಾಸಣೆಯ ಎಂಜಿನಿಯರು, ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಆಳು ನನ್ನ ಭುಜಕ್ಕೆ ಬರುತ್ತಿದ್ದರು, ಕೈಗಳಂತೂ ಎಂಟನೇ ತರಗತಿಯ ಹುಡುಗಿಯ ಕೈಗಳು. ಸ್ಥಾವರದ ಚಿಮಣಿ ಗಟ್ಟಿಮುಟ್ಟಾಗಿದೆ ಎಂದು ಇಪ್ಪತ್ತೆರಡು ವರ್ಷದಿಂದ ರುಜು ಹಾಕುತ್ತಿದ್ದವರು ಅವರೇ. ಆದರೆ ಒಳಗೆ ಹಗ್ಗ ಹಿಡಿದು ಹತ್ತುತ್ತಿದ್ದವರು ಗುತ್ತಿಗೆಯ ಗಂಡಸರು. ಅವರು ತಂದ ಫೋಟೋ ನೋಡಿ ಇವರು ರುಜು ಹಾಕಬೇಕು. ಒಮ್ಮೆ ಊಟದ ಹೊತ್ತಿನಲ್ಲಿ ನನಗೆ ಹೇಳಿದ್ದರು: "ಫೋಟೋ ನೋಡಿ ಮದಿವಿ ಆದಂಗ ಆಗೇತಿ ತಮ್ಮಾ. ಇಪ್ಪತ್ತೆರಡ ವರ್ಷ ಸಂಸಾರ ಮಾಡೀನಿ, ಇನ್ನಾ ಮಾರಿ ನೋಡಿಲ್ಲ."

ಆ ವರ್ಷದ ಶಟ್‌ಡೌನ್ ಅವರ ಪಾಲಿಗೆ ಕೊನೆಯದು. ಸ್ಥಾವರ ನಿಲ್ಲಿಸಿ ಚಿಮಣಿ ತಣ್ಣಗಾದಾಗ ಮಾತ್ರ ಒಳಗೆ ಹೋಗಲು ಸಾಧ್ಯ. ತಾನೇ ಹತ್ತಿ ನೋಡುತ್ತೇನೆ ಎಂದು ಅರ್ಜಿ ಕೊಟ್ಟರು. ಮೇಲಿನವರು ನಕ್ಕು, ಹಗ್ಗದ ಪರೀಕ್ಷೆ ಪಾಸಾದರೆ ಹತ್ತಲಿ ಎಂದು ಬರೆದುಕೊಟ್ಟರು. ಪಾಸಾಗುವುದಿಲ್ಲ ಎಂಬ ನಂಬಿಕೆ ಆ ಬರವಣಿಗೆಯಲ್ಲೇ ಕಾಣುತ್ತಿತ್ತು.

ಹಗ್ಗ ಹತ್ತುವ ವಿದ್ಯೆಯ ಜೀವವೆಲ್ಲ ಅಸೆಂಡರ್ ಎಂಬ ಒಂದು ಹಿಡಿಯಲ್ಲಿದೆ. ಅಂಗೈಯಲ್ಲಿ ಹಿಡಿಯುವ ಲೋಹದ ಹಿಡಿಕೆ, ಅದರೊಳಗೆ ಹಗ್ಗವನ್ನು ಕಚ್ಚುವ ಹಲ್ಲು. ಹಗ್ಗಕ್ಕೆ ಸಿಕ್ಕಿಸಿ ಮೇಲಕ್ಕೆ ತಳ್ಳಿದರೆ ಸರಕ್ಕನೆ ಹೋಗುತ್ತದೆ, ಕೆಳಗೆ ಎಳೆದರೆ ಜಪ್ಪಯ್ಯ ಎಂದರೂ ಬರುವುದಿಲ್ಲ. ನಮ್ಮ ದೊಡ್ಡಪ್ಪನ ದನಿ ಹೀಗೆಯೇ ಇತ್ತು, ಒಮ್ಮೆ ಏರಿದರೆ ಇಳಿಯುತ್ತಿರಲಿಲ್ಲ. ಹಗ್ಗದಿಂದ ಬಿಡಿಸಬೇಕಾದರೆ ಹಿಡಿದ ಕೈಯ ಹೆಬ್ಬೆರಳಿನಲ್ಲೇ ಒಂದು ಪುಟ್ಟ ಕೊಕ್ಕೆಯನ್ನು ಎಳೆಯಬೇಕು. ನಡುವೆ ಗಂಟು ಬಂದಾಗ ಬಿಡಿಸಿ, ಗಂಟಿನ ಮೇಲೆ ಮತ್ತೆ ಸಿಕ್ಕಿಸಬೇಕು, ಒಂದೇ ಕೈಯಲ್ಲಿ. ಜೊತೆಗೆ ಎರಡನೆಯ ಹಗ್ಗವೊಂದು ಜೀವ ಕಾಯಲು ಇದ್ದೇ ಇರುತ್ತದೆ. ಆದರೂ ನನಗೆ ಕೇಳಿಯೇ ತಲೆ ಸುತ್ತಿತು. ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ದೇವರ ನಾಮ ಹೇಳುವವನು ನಾನು.

ಪರೀಕ್ಷೆ ನಡೆದದ್ದು ವರ್ಕ್‌ಶಾಪಿನ ಹಿಂದೆ, ನಲವತ್ತು ಅಡಿಯ ಕಬ್ಬಿಣದ ಚೌಕಟ್ಟಿನಲ್ಲಿ. ತರಬೇತಿಯ ಸತ್ಯಂ ಗಾರು ಕೆಳಗೆ ನಿಂತಿದ್ದರು, ಉಗ್ರಾಣದ ಪರವಾಗಿ ನಾನಿದ್ದೆ, ಕೆಲಸವಿಲ್ಲದ ಹತ್ತಾರು ಜನ ಇದ್ದರು. ನೀಲಕ್ಕ ಪ್ಯಾಂಟು, ಹೆಲ್ಮೆಟ್ಟು ಹಾಕಿ ಗಂಟಿನವರೆಗೆ ಚೆನ್ನಾಗಿಯೇ ಹತ್ತಿದರು. ಅಲ್ಲಿ ನಿಂತರು. ಉಗ್ರಾಣದಲ್ಲಿದ್ದ ಅಸೆಂಡರುಗಳೆಲ್ಲ ಗಂಡಸರ ಪಂಜಕ್ಕೆ ತರಿಸಿದ್ದು. ನೀಲಕ್ಕನ ಹೆಬ್ಬೆರಳು ಕೊಕ್ಕೆಗೆ ಅರ್ಧ ಇಂಚು ಸಾಲದು. ಎರಡನೇ ಕೈ ಹಚ್ಚುವಂತಿಲ್ಲ. ಬಹಳ ಹೊತ್ತು ತೂಗಾಡಿದರು. ಕೆಳಗಿನಿಂದ ತಲೆಗೊಂದು ಸಲಹೆ ಹೋಯಿತು. ಒಬ್ಬ, ಮೇಡಂ ಬದಲು ಡ್ರೋನ್ ಕಳಿಸೋಣ ಎಂದ. ಮೇಲಿನಿಂದ ನೀಲಕ್ಕ ಗದಗಿನ ಕನ್ನಡದಲ್ಲಿ ಒಂದು ಮಾತು ಅಂದರು. ಅಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ, ಹಾಗಾಗಿ ಎಲ್ಲರ ಪಾಲಿನದನ್ನೂ ನಾನೇ ಕೇಳಿಸಿಕೊಳ್ಳಬೇಕಾಯಿತು.

ಸತ್ಯಂ ಗಾರು ಒಳ್ಳೆಯವರು. ತಪ್ಪು ಕೈಯದಲ್ಲ, ಹಿಡಿಯದು ಎಂದು ಎಲ್ಲರೆದುರು ಹೇಳಿದರು. ಹತ್ತು ದಿನದೊಳಗೆ ಸರಿಯಾದ ಹಿಡಿ ತಂದರೆ ಇನ್ನೊಂದು ಅವಕಾಶ, ಅದಾಗಿ ಒಂದು ವಾರಕ್ಕೆ ಚಿಮಣಿಗೆ ಬೆಂಕಿ ಹಚ್ಚುತ್ತಾರೆ. ವಿಶಾಖಪಟ್ಟಣದ ಬಂದರಿನ ಹತ್ತಿರ ಹಗ್ಗ, ಕಪ್ಪಿ, ಕೊಂಡಿಗಳ ಹಳೆಯ ಅಂಗಡಿಯೊಂದಿದೆ, ಅಲ್ಲಿ ತರಾವರಿ ಅಸೆಂಡರ್ ಸಿಗುತ್ತದೆ, ಆದರೆ ಕೈಯಿಟ್ಟು ನೋಡಿಯೇ ಆರಿಸಬೇಕು ಎಂದರು. ನೀಲಕ್ಕನಿಗೆ ಶಟ್‌ಡೌನ್ ಬಿಟ್ಟು ಕದಲುವಂತಿಲ್ಲ. ನನಗೆ ಹೇಗೂ ಒಂದು ಮೀಟಿಂಗಿಗೆ ವಿಶಾಖಪಟ್ಟಣಕ್ಕೆ ಹೋಗುವುದಿತ್ತು. ಕೈ ಇಲ್ಲಿ, ಹಿಡಿ ಅಲ್ಲಿ.

ಆಗ ನನಗೆ ನಮ್ಮೂರಿನ ಬಳೆಗಾರ ನೆನಪಾದ. ಅವನು ಅಜ್ಜಿಯ ಕೈಯನ್ನು ಒಮ್ಮೆ ಮೆತ್ತಗೆ ಒತ್ತಿ ನೋಡಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಸಿ ಬಳೆ ತೂರಿಸಿದನೆಂದರೆ ಒಂದೂ ಒಡೆಯುತ್ತಿರಲಿಲ್ಲ. ಮುಂದಿನ ವರ್ಷ ಅಜ್ಜಿ ಮನೆಯಲ್ಲಿ ಇಲ್ಲದಿದ್ದರೂ ಅವಳ ಅಳತೆಯ ಬಳೆ ಜಗುಲಿಯ ಮೇಲಿಟ್ಟು ಹೋಗುತ್ತಿದ್ದ. ಅಳತೆ ಅವನ ಬೆರಳಲ್ಲಿ ಉಳಿದಿರುತ್ತಿತ್ತು. ನನ್ನ ಬೆರಳಲ್ಲಿ ಅಂಥದ್ದೇನೂ ಉಳಿಯುವುದಿಲ್ಲ. ಉಳಿದರೂ ನೀಲಕ್ಕನ ಕೈ ಒತ್ತಿ ನೋಡುವ ಧೈರ್ಯ ನನಗಿರಲಿಲ್ಲ. ಒಂದು ಹಾಳೆಯ ಮೇಲೆ ಬಲಗೈ ಇಡಿಸಿ, ಸುತ್ತ ಪೆನ್ಸಿಲ್ ಎಳೆದು, ದಪ್ಪಕ್ಕೊಂದು ದಾರದ ಅಳತೆ ತೆಗೆದುಕೊಂಡೆ.

ನಾನಿದ್ದ ಬಾಡಿಗೆ ಮನೆ ಕೊಂಡಪಲ್ಲಿಯಲ್ಲಿ. ಅಲ್ಲಿ ಹತ್ತಿಯಂಥ ಹಗುರ ಮರದಲ್ಲಿ ಬೊಂಬೆ ಮಾಡುವವರು ಬೀದಿಗೆ ನಾಲ್ಕು ಜನ. ನಮ್ಮ ಎದುರು ಮನೆಯ ವೆಂಕಣ್ಣನಿಗೆ ಹಾಳೆ, ದಾರ ಎರಡೂ ಕೊಟ್ಟು, ಇದೇ ಅಳತೆಯ ಒಂದು ಕೈ ಬೇಕು, ಹೀಗೆ ಹಿಡಿದಿರಬೇಕು ಎಂದು ಲೋಟ ಹಿಡಿದಂತೆ ಬೆರಳು ಮಡಚಿ ತೋರಿಸಿದೆ. ಅವನು ಹಾಳೆಯನ್ನು ಹೀಗೊಮ್ಮೆ ಹಾಗೊಮ್ಮೆ ಮಗುಚಿ ನೋಡಿ ಕೇಳಿದ: "ಕುಡಿ ಚೆಯ್ಯಾ..." ಅಷ್ಟರಲ್ಲಿ ಲಾರಿಯೊಂದು ಹಾರ್ನ್ ಹೊಡೆದು ಉಳಿದದ್ದು ಕೇಳಲಿಲ್ಲ.

ನೀವೇ ಹೇಳಿ. ಲೋಟ ಹಿಡಿದವನಂತೆ ನಿಂತಿದ್ದೇನೆ, ಎದುರಿನವನು "ಕುಡಿ ಚಾಯಾ" ಎನ್ನುತ್ತಿದ್ದಾನೆ. ನಾನು ಸಂಕೋಚದಿಂದ, "ವದ್ದು ವದ್ದು, ಇಪ್ಪುಡೇ ಅಯಿಂದಿ" ಎಂದೆ. ಬೇಡ, ಈಗಷ್ಟೇ ಆಯಿತು ಎಂದು. ವೆಂಕಣ್ಣ ಒಂದು ಗಳಿಗೆ ನನ್ನನ್ನು ನೋಡಿ, ಸರಿ ಎಂದು ತಲೆಯಾಡಿಸಿ ಉಳಿ ಎತ್ತಿಕೊಂಡ. ಎಷ್ಟು ಮರ್ಯಾದಸ್ಥ ಜನ ಎಂದುಕೊಂಡು ಮನೆಗೆ ಬಂದೆ.

ಮೂರನೇ ದಿನ ಕೈ ಸಿದ್ಧವಾಯಿತು. ಬಳೆ, ಉಗುರಿನ ಬಣ್ಣ ನಾನು ಹೇಳಿದ್ದಲ್ಲ. ಹೆಂಗಸಿನ ಕೈಯನ್ನು ಬೋಳಾಗಿ ಊರು ಬಿಟ್ಟು ಕಳಿಸಲು ತನಗೆ ಮನಸ್ಸಾಗಲಿಲ್ಲ ಎಂದ. ನೀಲಕ್ಕನಿಗೆ ತೋರಿಸಲು ಹೊತ್ತಿರಲಿಲ್ಲ, ಟವೆಲಿನಲ್ಲಿ ಸುತ್ತಿ ರೈಲು ಹತ್ತಿದೆ. ಎದುರಿನ ಸೀಟಿನ ಹೆಂಗಸು ಟವೆಲಿನಿಂದ ಇಣುಕಿದ ಕೆಂಪು ಉಗುರು ಕಂಡು ರಾಜಮಂಡ್ರಿಯಲ್ಲಿ ಸೀಟು ಬದಲಿಸಿದರು.

ಅಂಗಡಿಯಲ್ಲಿ ನಾರು ಹಗ್ಗದ, ಗ್ರೀಸಿನ, ಕಡಲಿನ ವಾಸನೆ. ಗಲ್ಲಾದಲ್ಲಿ ಬಿಳಿ ಮೀಸೆಯ ಪೆದ್ದಾಯನ, ಅಂದರೆ ಅಂಗಡಿಯ ಹಿರಿಯರು. ನಾನು ಟವೆಲು ಬಿಚ್ಚಿ ಕೈಯನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಕೇಳಿದರು.

"ಎವರಿ ಚೆಯ್ಯಿ ಬಾಬೂ ಇದಿ?"

ಯಾರ ಕೈ ಎಂದು. ಅಷ್ಟು ನನಗೆ ಬರುತ್ತಿತ್ತು. "ಮಾ ಅಕ್ಕದಿ" ಎಂದೆ.

"ಅಯ್ಯೋ ಪಾಪಂ. ಎಪ್ಪುಡು ಪೋಯಿಂದಿ?"

ಯಾವಾಗ ಹೋದದ್ದು ಎಂದು ಕೇಳುತ್ತಿದ್ದಾರೆ. ನೀಲಕ್ಕ ಪರೀಕ್ಷೆಗೆ ಹೋದ ಸುದ್ದಿ ವಿಶಾಖಪಟ್ಟಣಕ್ಕೂ ಮುಟ್ಟಿದೆಯಲ್ಲ ಎಂದು ನನಗೆ ಹೆಮ್ಮೆಯಾಯಿತು. "ಪೋಯಿನ ವಾರಂ. ಮಳ್ಳೀ ವಚ್ಚೇ ವಾರಂ ಪೋತುಂದಿ" ಎಂದೆ. ಹೋದ ವಾರ ಹೋಗಿತ್ತು, ಬರುವ ವಾರ ಮತ್ತೆ ಹೋಗುತ್ತದೆ.

ಪೆದ್ದಾಯನ ಎದೆಯ ಮೇಲೆ ಕೈಯಿಟ್ಟುಕೊಂಡರು. "ರೆಂಡೋದಿ ಕೂಡಾನಾ?"

ಎರಡನೆಯದೂ ಹೋಗುತ್ತದೆಯೇ ಎಂದು ಕೇಳಿದಾಗ ನನಗೆ ಬೆಳಕಾಯಿತು. ಅವರು ಕೇಳುತ್ತಿದ್ದದ್ದು ಕಡಿದು ಹೋದ ಕೈಯ ವಿಚಾರ. ಆಮೇಲೆ ಅವರ ಅಂಗಡಿಯ ತೊಲೆಗೆ ತೂಗುಹಾಕಿದ್ದ ಹಗ್ಗವನ್ನೇ ಹಿಡಿದು, ಚಿಮಣಿ, ನೀಲಕ್ಕ, ಗಂಟು, ಅರ್ಧ ಇಂಚು ಎಲ್ಲವನ್ನೂ ನೆಲದ ಮೇಲೇ ನಿಂತು ಅಭಿನಯಿಸಿ ತೋರಿಸಿದೆ. ಪೆದ್ದಾಯನ ನಕ್ಕು ಕಣ್ಣೊರೆಸಿಕೊಂಡರು. ನಕ್ಕು ಮುಗಿದ ಮೇಲೆ ಗಂಭೀರವಾದರು. ಮಗಳ ಮದುವೆಗೆ ವರ ನೋಡುವವರಂತೆ ಒಂದೊಂದೇ ಅಸೆಂಡರ್ ತೆಗೆದು ಆ ಕೈಗೆ ಹಿಡಿಸಿ ನೋಡಿದರು. ಮೊದಲನೆಯದರಲ್ಲಿ ನಾಲ್ಕು ಬೆರಳೂ ಬಕೆಟಿನ ಹಿಡಿಯೊಳಗೆ ಹೋದಂತೆ ಕಳೆದುಹೋದವು. ಎರಡನೆಯದರ ಕೊಕ್ಕೆ ಹೆಬ್ಬೆರಳಿಗೆ ದೂರ. ಮೂರನೆಯದು ಸರಿಯಿತ್ತು, ಆದರೆ ಭಾರ; ಇದನ್ನು ತಲೆಯ ಮೇಲೆ ನೂರು ಸಲ ಎತ್ತಬೇಕು ಎಂದು ಬದಿಗಿಟ್ಟರು. ಆಮೇಲೆ ಒಳಗಿನ ಕಪಾಟಿನಿಂದ ಗಿಡ್ಡ ಮೈಯ, ಸಣ್ಣ ಹಿಡಿಯ ಒಂದು ಜೋಡಿಯನ್ನು ಧೂಳು ಊದಿ ತಂದರು. ಅದರಲ್ಲಿ ಎರಡು ಥರ ಇದ್ದವು. ಒಂದು ನಮ್ಮ ಮರದ ಕೈಗೆ ಕೂರಲೇ ಇಲ್ಲ. ಇನ್ನೊಂದು ಹೇಗೆ ಕೂತಿತೆಂದರೆ, ಮರದ ಹೆಬ್ಬೆರಳ ತುದಿ ನೇರ ಕೊಕ್ಕೆಯ ಮೇಲೇ ಬಂದು ನಿಂತಿತು. ಬಳೆಗಾರ ಇದ್ದಿದ್ದರೆ ತಲೆದೂಗುತ್ತಿದ್ದ.

ಗೆದ್ದವನಂತೆ ವಾಪಸು ಬಂದು ನೀಲಕ್ಕನ ಮೇಜಿನ ಮೇಲೆ ಕೈಯನ್ನೂ ಹಿಡಿಯನ್ನೂ ಇಟ್ಟೆ. ಅವರು ಕೈಯನ್ನು ನೋಡಿ ಮೆಚ್ಚಿ, ಪಕ್ಕದಲ್ಲಿ ತಮ್ಮ ಬಲಗೈಯನ್ನು ಅದರಂತೆಯೇ ಮಡಚಿ ಹಿಡಿದರು. ಎರಡೂ ಸೇರಿ ನೀರು ಕುಡಿಯುವ ಬೊಗಸೆಯಾಯಿತು.

"ತಮ್ಮಾ," ಎಂದರು ನಿಧಾನಕ್ಕೆ. "ಇದು ಎಡಗೈ ಐತೆಲ್ಲೋ."

ಕುಡಿ ಎಂದರೆ ತೆಲುಗಿನಲ್ಲಿ ಬಲ, ವೆಂಕಣ್ಣ ಅಂದದ್ದು ಚಾಯಾ ಅಲ್ಲ ಚೆಯ್ಯಾ, ಅಂದರೆ ಕೈಯಾ ಎಂದು ನನಗೆ ಹೊಳೆದದ್ದು ಆ ಗಳಿಗೆಯಲ್ಲಿ. ವೆಂಕಣ್ಣ ಬಲಗೈಯಾ, ಎಡಗೈಯಾ ಎಂದು ಕೇಳಿದ್ದ. ನಾನು ಬಲಗೈ ಬೇಡವೇ ಬೇಡ ಎಂದಿದ್ದೆ. ಅಸೆಂಡರಿನಲ್ಲಿ ಎಡಗೈಯದು ಬೇರೆ, ಬಲಗೈಯದು ಬೇರೆ. ಪರೀಕ್ಷೆಗೆ ಉಳಿದದ್ದು ನಾಲ್ಕು ದಿನ. ನಾನು ಚಹಾದ ವಿಚಾರ ಒಪ್ಪಿಕೊಂಡೆ. ಬೈಗುಳಕ್ಕೆ ತಯಾರಾಗಿ ನಿಂತೆ. ಇಪ್ಪತ್ತೆರಡು ವರ್ಷ ಕಾದವರ ಆಸೆಯನ್ನು ಒಂದು ಲೋಟ ಚಹಾಕ್ಕೆ, ಅದೂ ಕುಡಿಯದ ಚಹಾಕ್ಕೆ ಹಾಳು ಮಾಡಿದ್ದೆ.

ನೀಲಕ್ಕ ಹಿಡಿಯನ್ನು ಎಡಗೈಗೆ ತೆಗೆದುಕೊಂಡರು. ಹೆಬ್ಬೆರಳಿನಲ್ಲಿ ಕೊಕ್ಕೆ ಎಳೆದರು, ಬಿಟ್ಟರು, ಎಳೆದರು. ಟಿಕ್, ಟಿಕ್. "ಎರಡೂ ಕೈಲೆ ರೊಟ್ಟಿ ಬಡದಾಕಿ ನಾ," ಎಂದರು. "ಎಡಗೈ ಏನ್ ಸುಮ್ನ ಕುಂತಿತ್ತೇನ ಇಷ್ಟ ದಿನಾ? ನೀ ಹೋಗಿ ಚಾ ಕುಡಿ."

ನಾಲ್ಕು ದಿನ ಅವರು ಎಡಗೈಯಲ್ಲೇ ಬಾಗಿಲು ತೆಗೆದರು, ಫೈಲು ಎತ್ತಿದರು, ಸಂಜೆ ಸತ್ಯಂ ಗಾರುವಿಗೆ ನನ್ನ ಚಹಾದ ಕಥೆ ಹೇಳಿ ನಗಿಸುತ್ತಾ ಅವರ ಹಗ್ಗ ಹತ್ತಿದರು. ಐದನೆಯ ದಿನ ಗಂಟಿನ ಹತ್ತಿರ ಬಂದಾಗ ಕೆಳಗೆ ಯಾರೂ ಸಲಹೆ ಕೊಡಲಿಲ್ಲ. ಟಿಕ್ ಎಂದು ಬಿಡಿಸಿದರು, ಟಿಕ್ ಎಂದು ಮೇಲೆ ಸಿಕ್ಕಿಸಿದರು. ಡ್ರೋನ್ ಎಂದಿದ್ದವನೇ ಮೊದಲು ಚಪ್ಪಾಳೆ ತಟ್ಟಿದ.

ಎರಡು ದಿನ ಬಿಟ್ಟು ಚಿಮಣಿಯೊಳಗೆ ಹೋದರು. ಬಲಗೈ ಖಾಲಿ ಉಳಿದದ್ದರಿಂದ ಅದರಲ್ಲಿ ಒಮ್ಮೆ ಸಣ್ಣ ಸುತ್ತಿಗೆ, ಒಮ್ಮೆ ಸೀಮೆಸುಣ್ಣ. ಗೋಡೆಯನ್ನು ಮಾವಿನಕಾಯಿ ಬಡಿದು ನೋಡುವಂತೆ ಬಡಿಯುತ್ತಾ ಹೋದ ಸದ್ದು ಕೆಳಗೆ ನಮಗೆ ಕೇಳುತ್ತಿತ್ತು. ಫೋಟೋದಲ್ಲಿ ನೀರಿನ ಗುರುತಿನಂತೆ ಕಂಡಿದ್ದ ಒಂದು ಗೆರೆ ನಿಜಕ್ಕೂ ಬಿರುಕಾಗಿತ್ತು. ಸುತ್ತ ಸೀಮೆಸುಣ್ಣದಲ್ಲಿ ಗುಂಡಗೆ ಬರೆದು ಇಳಿದರು. ಇಳಿದಾಗ ಕಣ್ಣು, ಹಲ್ಲು ಬಿಟ್ಟು ಉಳಿದದ್ದೆಲ್ಲ ಕಪ್ಪು. ಅಷ್ಟು ಹೊತ್ತೂ ನಾನು ಮರದ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದೆ. ನೀಲಕ್ಕ ಗ್ಲೌಸು ಬಿಚ್ಚಿ, ಬೆವರು ಮಸಿ ಬೆರೆತ ಕೈಯಲ್ಲಿ ಅದನ್ನು ಹಿಡಿದು ಕುಲುಕಿದರು. "ಮಾರಿ ನೋಡಿ ಬಂದೆ ತಮ್ಮಾ," ಎಂದರು. "ಹುಳುಕ ಐತಿ, ಆದ್ರ ಛಲೋ ಮನಶ್ಯಾ."

ಅದೇ ಕೈಯಲ್ಲಿ ಬರೆದ ವರದಿಗೂ ಹೆಬ್ಬೆರಳ ಗುರುತು ಬಿತ್ತು. ಮೇಲಿನ ಕಚೇರಿಯವರು, ಮಸಿ ತಗುಲಿದೆ, ಶುಚಿಯಾದ ಪ್ರತಿ ಕಳಿಸಿ ಎಂದು ವಾಪಸು ಕಳಿಸಿದರು. ಇಷ್ಟು ವರ್ಷ ಮಸಿಯಲ್ಲೇ ರುಜು ಹಾಕಿದ್ದೇನೆ, ಆಗ ಯಾರೂ ಬೇಡ ಅನ್ನಲಿಲ್ಲವಲ್ಲ ಎಂದು ನೀಲಕ್ಕ ಅದನ್ನೇ ಮತ್ತೆ ಕಳಿಸಿದರು. ಬಿರುಕಿಗೆ ತೇಪೆ ಬಿದ್ದ ಮೇಲೆಯೇ ಬೆಂಕಿ ಹಚ್ಚಿದರು.

ಈಗ ನೀಲಕ್ಕ ನಿವೃತ್ತರಾಗಿ ಗದಗಿನಲ್ಲಿದ್ದಾರೆ, ಹಿಡಿ ಅವರ ಜೊತೆ ಹೋಯಿತು, ಕೈ ನನ್ನ ಹತ್ತಿರ ಉಳಿಯಿತು. ಕಥೆ ಕೇಳಿದ ಮಂಗಮ್ಮ ಬಟ್ಟೆಯ ಒಣ ಮೂಲೆಯಿಂದ ಬಳೆ, ಉಗುರು, ಮಣಿಕಟ್ಟು ಎಲ್ಲ ಒರೆಸಿದಳು. ಕಲೆಯನ್ನು ಬಳಸಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ನಾನು ಸತ್ಯಂ ಗಾರುವಿನ ಹತ್ತಿರ ಹೋಗಿ ಈ ಸಲದ ಹಗ್ಗದ ತರಬೇತಿಗೆ ಹೆಸರು ಕೊಟ್ಟೆ. ಅವರು ನನ್ನ ಹೊಟ್ಟೆ ನೋಡಿದರು, ಹಗ್ಗ ನೋಡಿದರು, ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಕೇಳಿದರು: "ಕುಡಿ ಚೆಯ್ಯಾ, ಎಡಮ ಚೆಯ್ಯಾ?"

"ಕುಡಿ ಚೆಯ್ಯೇ" ಎಂದು ಸ್ಪಷ್ಟವಾಗಿ ಹೇಳಿ ಬಲಗೈ ಚಾಚಿದೆ. ಅವರು ಅದರಲ್ಲಿ ಒಂದು ಲೋಟ ಚಹಾ ಇಟ್ಟರು.